ಆಟದ ಡಿಸ್ಕ್ ಅರ್ಧಕ್ಕೇ ನಿಂತರೆ ತಪ್ಪು ಯಾರದು?

ಓದುಗರ ಪ್ರಶ್ನೆ: ಹಳೆಯ ಆಟವೊಂದರ ಡಿವಿಡಿ ಇದೆ, ಅಸಲಿ ಡಿಸ್ಕೇ. ಇನ್‌ಸ್ಟಾಲ್ ಮಾಡಲು ಹೋದರೆ ಪ್ರತಿ ಸಲವೂ ಹೆಚ್ಚುಕಡಿಮೆ ಅರ್ಧದಲ್ಲಿ ನಿಂತುಬಿಡುತ್ತದೆ. ಡ್ರೈವ್ ಸ್ವಲ್ಪ ಹೊತ್ತು ಗೊರಗೊರ ಸದ್ದು ಮಾಡುತ್ತದೆ, ಆಮೇಲೆ ‘ಫೈಲ್ ಓದಲಾಗುತ್ತಿಲ್ಲ, ಡಿಸ್ಕ್ ಪರೀಕ್ಷಿಸಿ’ ಎನ್ನುತ್ತದೆ. ಡಿಸ್ಕಿನ ಮೇಲೆ ಗೀರೇನೂ ಕಾಣಿಸುವುದಿಲ್ಲ. ಬೇರೆ ಸಿಡಿ, ಡಿವಿಡಿಗಳನ್ನು ಇದೇ ಡ್ರೈವ್ ಸಲೀಸಾಗಿ ಓದುತ್ತದೆ. ಹಾಗಾದರೆ ಡಿಸ್ಕೇ ಹಾಳಾಗಿದೆ ಎಂದುಕೊಳ್ಳಬೇಕೇ?

ಉತ್ತರ: ಹಾಗೆಂದು ತೀರ್ಮಾನಿಸುವುದಕ್ಕೆ ಆತುರ ಬೇಡ. ಡಿಸ್ಕನ್ನು ಅಂಗಿಯ ಚುಂಗಿಗೆ ಉಜ್ಜುವ ಮೊದಲು ಕಾಗದ, ಪೆನ್ನು ತೆಗೆದುಕೊಳ್ಳಿ. ಇನ್‌ಸ್ಟಾಲ್ ಎಲ್ಲಿ ನಿಂತಿತು, ಯಾವ ಫೈಲಿನ ಹೆಸರು ತೋರಿಸುತ್ತಿತ್ತು ಎಂದು ಬರೆದುಕೊಳ್ಳಿ. ಡಿಸ್ಕ್ ಹೊರತೆಗೆದು, ಕಂಪ್ಯೂಟರನ್ನು ಮರುಚಾಲನೆ ಮಾಡಿ, ಇನ್ನೊಮ್ಮೆ ನಡೆಸಿ. ಸಾಧ್ಯವಾದರೆ ಮೂರನೇ ಸಲವೂ. ಮೂರು ಸಲವೂ ಅದೇ ಫೈಲ್, ಅದೇ ಜಾಗ ಎಂದಾದರೆ ತೊಂದರೆ ಡಿಸ್ಕಿನ ಆ ಭಾಗದಲ್ಲಿದೆ, ಇಲ್ಲವೇ ಆ ಭಾಗವನ್ನು ಓದಲು ನಿಮ್ಮ ಡ್ರೈವಿಗೆ ಆಗುತ್ತಿಲ್ಲ. ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ ನಿಲ್ಲುತ್ತಿದ್ದರೆ ಡಿಸ್ಕಿನ ಮೇಲಿನ ಅನುಮಾನ ಬಿಟ್ಟುಬಿಡಿ. ಗೀರಿಗೆ ಕಾಲಿಲ್ಲ, ಅದು ಜಾಗ ಬದಲಿಸುವುದಿಲ್ಲ.

ಈ ಒಂದು ಪರೀಕ್ಷೆ ಮಾಡದೆ ಜನ ದಿನಗಟ್ಟಲೆ ಹಾಳುಮಾಡಿಕೊಳ್ಳುತ್ತಾರೆ. ನಾನೂ ಮಾಡಿಕೊಂಡಿದ್ದೇನೆ, ಅದನ್ನು ಮುಂದೆ ಹೇಳುತ್ತೇನೆ.

ಮೊದಲು, ಗೀರಿದ್ದ ಹಾಡಿನ ಸಿಡಿ ಆರಾಮಾಗಿ ಹಾಡುತ್ತದಲ್ಲ, ಆಟದ ಡಿಸ್ಕ್ ಮಾತ್ರ ಯಾಕೆ ಹೀಗೆ ಹಟ ಹಿಡಿಯುತ್ತದೆ ಎಂಬುದು. ಡಿಸ್ಕಿನ ಮೇಲೆ ಮಾಹಿತಿ ಒಳಗಿನಿಂದ ಹೊರಕ್ಕೆ ಸುರುಳಿಯಾಗಿ ಸಾಗುವ ಸಣ್ಣ ಕುಳಿಗಳ ಸಾಲಿನಲ್ಲಿರುತ್ತದೆ. ಸಿಡಿಯಲ್ಲಿ ಆ ಸುರುಳಿಯ ಒಂದು ಸುತ್ತಿಗೂ ಮುಂದಿನ ಸುತ್ತಿಗೂ 1.6 ಮೈಕ್ರೋಮೀಟರ್ ಅಂತರ, ಡಿವಿಡಿಯಲ್ಲಿ 0.74. ಕಣ್ಣಿಗೆ ಕಾಣದ ಧೂಳೂ ಹತ್ತಾರು ಸುತ್ತುಗಳನ್ನು ಮುಚ್ಚಿಬಿಡಬಲ್ಲದು. ಇದು ಮೊದಲೇ ಗೊತ್ತಿದ್ದರಿಂದ ಡಿಸ್ಕ್ ರೂಪಿಸಿದವರು ಮಾಹಿತಿಯ ಜೊತೆಗೇ ತಪ್ಪು ತಿದ್ದುವ ಲೆಕ್ಕವನ್ನೂ ಬರೆದಿಟ್ಟರು. 1960ರಲ್ಲಿ ರೀಡ್ ಮತ್ತು ಸಾಲೊಮನ್ ಎಂಬ ಗಣಿತಜ್ಞರು ಕೊಟ್ಟ ಸಂಕೇತ ಪದ್ಧತಿ ಅದರ ಬುನಾದಿ. ಅದರ ಬಲದಿಂದ ಸಿಡಿಯ ಸುರುಳಿಯಲ್ಲಿ ಸುಮಾರು ಎರಡೂವರೆ ಮಿಲಿಮೀಟರ್ ಉದ್ದದ ತುಂಡು ಪೂರ್ತಿ ಕಾಣೆಯಾದರೂ ಡ್ರೈವ್ ಅದನ್ನು ಲೆಕ್ಕ ಹಾಕಿ ಮರಳಿ ಕಟ್ಟುತ್ತದೆ.

ಅದನ್ನೂ ಮೀರಿದರೆ ಹಾಡಿನ ಸಿಡಿ ಒಂದು ಸುಳ್ಳು ಹೇಳುತ್ತದೆ: ಹಿಂದಿನ ದನಿ, ಮುಂದಿನ ದನಿ ನೋಡಿ ನಡುವಿನದನ್ನು ಅಂದಾಜಿನಲ್ಲಿ ತುಂಬುತ್ತದೆ. ಕಿವಿಗೆ ಗೊತ್ತಾಗುವುದಿಲ್ಲ. ಆಟದ ಫೈಲಿನಲ್ಲಿ ಈ ಅಂದಾಜು ನಡೆಯದು. ಅದಕ್ಕೇ ಮಾಹಿತಿಯ ಸಿಡಿಯಲ್ಲಿ ಪ್ರತಿ 2048 ಬೈಟಿನ ತುಂಡಿಗೂ, ಅಂದರೆ ಸೆಕ್ಟರಿಗೂ, ಇನ್ನೂ 276 ಬೈಟುಗಳ ತಿದ್ದುಪಡಿ ಸೇರಿಸಿದ್ದಾರೆ. ಅದೂ ಸಾಲದಿದ್ದಾಗ ಡ್ರೈವ್ ವೇಗ ಇಳಿಸಿ ಮತ್ತೆ ಮತ್ತೆ ಓದಲು ನೋಡುತ್ತದೆ. ನೀವು ಕೇಳಿದ ಗೊರಗೊರ ಸದ್ದು ಅದೇ. ಕೊನೆಗೆ ಕೈಚೆಲ್ಲುತ್ತದೆ. ಆಗ ವಿಂಡೋಸ್ ‘ಸೈಕ್ಲಿಕ್ ರಿಡಂಡೆನ್ಸಿ ಚೆಕ್’ ಎಂಬ ಗಾಬರಿ ಹುಟ್ಟಿಸುವ ಹೆಸರಿನ ದೋಷ ತೋರಿಸುತ್ತದೆ. ಅರ್ಥ ಇಷ್ಟೇ: ಓದಿದ್ದಕ್ಕೂ ಲೆಕ್ಕಕ್ಕೂ ತಾಳೆಯಾಗಲಿಲ್ಲ. ಹಳೆಯ ಆಟಗಳಲ್ಲಿ ‘ಡೇಟಾ1.ಕ್ಯಾಬ್’ ಎಂಬಂಥ ಒಂದೇ ದೊಡ್ಡ ಗಂಟಿನಲ್ಲಿ ಎಲ್ಲವನ್ನೂ ಕಟ್ಟಿಟ್ಟಿರುತ್ತಾರೆ. ಆ ಗಂಟಿನಲ್ಲಿ ಒಂದೇ ಒಂದು ಸೆಕ್ಟರ್ ಓದಲಾಗದಿದ್ದರೂ ಇನ್‌ಸ್ಟಾಲ್ ಅಲ್ಲಿಗೆ ಮುಗಿಯಿತು.

ಈಗ ಡಿಸ್ಕನ್ನು ಕೈಗೆತ್ತಿಕೊಳ್ಳಿ, ಅಂಚಿನಲ್ಲಿ ಹಿಡಿದು ದೀಪದ ಕೆಳಗೆ ಓರೆಯಾಗಿ ತಿರುಗಿಸಿ. ಗೀರಿನ ಉದ್ದಕ್ಕಿಂತ ಅದರ ದಿಕ್ಕು ಮುಖ್ಯ. ನಡುವಿನ ತೂತಿನಿಂದ ಅಂಚಿನ ಕಡೆಗೆ ಹೋದ ಗೀರು ನೋಡಲು ಭಯಂಕರ, ಆದರೆ ಪ್ರತಿ ಸುತ್ತಿನಲ್ಲೂ ಚೂರೇಚೂರು ಜಾಗವನ್ನಷ್ಟೇ ಕೆಡಿಸುತ್ತದೆ. ತಿದ್ದುಪಡಿ ಅದನ್ನು ಅರಗಿಸಿಕೊಳ್ಳುತ್ತದೆ. ಸುರುಳಿಯ ಜೊತೆಜೊತೆಗೇ ದುಂಡಗೆ ಸಾಗುವ ಸಣ್ಣ ಗೀರು ಒಂದೇ ಕಡೆ ಉದ್ದಕ್ಕೂ ಮಾಹಿತಿ ನುಂಗುತ್ತದೆ. ಡಿಸ್ಕನ್ನು ದುಂಡಗೆ ಒರೆಸಬೇಡಿ, ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ ಎನ್ನುವುದು ಇದಕ್ಕೇ: ಒರೆಸುವಾಗ ಗೀರು ಬಿದ್ದರೂ ಅದು ಸಾಧು ಗೀರಾಗಿರಲಿ. ಎಳೆ ಬಿಡದ ಮೆತ್ತನೆಯ ಬಟ್ಟೆ, ಜಿಡ್ಡಿದ್ದರೆ ನೀರು ಅಥವಾ ಐಸೊಪ್ರೊಪೈಲ್ ಆಲ್ಕೊಹಾಲ್ ಸಾಕು. ಉಗುರುಬಣ್ಣ ತೆಗೆಯುವ ಅಸಿಟೋನ್ ಮಾತ್ರ ಹತ್ತಿರ ತರಬೇಡಿ, ಡಿಸ್ಕಿನ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕನ್ನೇ ಅದು ತಿನ್ನುತ್ತದೆ.

ಸಿಡಿಯಾದರೆ ಚಿತ್ರ, ಹೆಸರು ಇರುವ ಮೇಲ್ಮೈಯನ್ನೂ ನೋಡಿ. ಹೊಳೆಯುವ ಬದಿಯೇ ನಾಜೂಕು ಎಂದು ಎಲ್ಲರೂ ತಿಳಿದಿರುತ್ತಾರೆ. ಸಿಡಿಯ ಮಟ್ಟಿಗೆ ಅದು ತಲೆಕೆಳಗು. ಮಾಹಿತಿಯ ಪದರ ಲೇಬಲ್ಲಿನ ಕೆಳಗೇ, ತೆಳು ಲೇಪನವೊಂದರ ಮರೆಯಲ್ಲಿರುತ್ತದೆ. ಡಿಸ್ಕನ್ನು ದೀಪಕ್ಕೆ ಅಡ್ಡ ಹಿಡಿದಾಗ ಸೂಜಿಮೊನೆಯಂಥ ಬೆಳಕಿನ ಚುಕ್ಕೆಗಳು ಕಂಡರೆ ಅಲ್ಲಿ ಪದರವೇ ಕಿತ್ತುಹೋಗಿದೆ, ಅದಕ್ಕೆ ಮದ್ದಿಲ್ಲ. ಡಿವಿಡಿಯಲ್ಲಿ ಮಾಹಿತಿ 0.6 ಮಿಲಿಮೀಟರಿನ ಎರಡು ಬಿಲ್ಲೆಗಳ ನಡುವೆ ಇರುವುದರಿಂದ ಈ ಅಪಾಯ ಕಡಿಮೆ. ಇನ್ನು, ನಡುವಿನ ತೂತಿನಿಂದ ಬಿರುಕು ಬಿಟ್ಟಿರುವ ಡಿಸ್ಕನ್ನು ಡ್ರೈವಿಗೆ ಹಾಕಲೇಬೇಡಿ. 52 ಪಟ್ಟು ವೇಗದ ಸಿಡಿ ಡ್ರೈವಿನಲ್ಲಿ ಡಿಸ್ಕ್ ನಿಮಿಷಕ್ಕೆ ಸುಮಾರು 10,000 ಸುತ್ತು ತಿರುಗುತ್ತದೆ, ಚೂರಾದರೆ ಡ್ರೈವನ್ನೂ ಕರೆದುಕೊಂಡೇ ಹೋಗುತ್ತದೆ.

ಟೂತ್‌ಪೇಸ್ಟ್ ಹಚ್ಚಿ ಉಜ್ಜಿದರೆ ಸರಿಹೋಗುತ್ತದೆಯೇ ಎಂದು ಕೇಳುವವರು ಯಾವಾಗಲೂ ಇದ್ದಾರೆ. ಹೊಳೆಯುವ ಬದಿಯ ಮೇಲುಮೇಲಿನ ಗೀರಾದರೆ ಕೆಲವು ಸಲ ಹೋಗುತ್ತದೆ, ನಿಜ. ಆದರೆ ಅದು ಗೀರನ್ನು ತುಂಬುವುದಿಲ್ಲ, ಸುತ್ತಲಿನ ಪ್ಲಾಸ್ಟಿಕ್ಕನ್ನು ಸವೆಸುತ್ತದೆ. ಹೆಚ್ಚು ಉಜ್ಜಿದರೆ ಇಡೀ ಡಿಸ್ಕ್ ಮಂಜಾಗುತ್ತದೆ. ನನ್ನ ಕೇಳಿದರೆ ಬೇರೆಲ್ಲ ದಾರಿ ಮುಗಿದ ಮೇಲಿನ ಮಾತು ಅದು. ಬ್ಲೂ-ರೇಗಂತೂ ಬೇಡವೇ ಬೇಡ, ಅಲ್ಲಿ ಮಾಹಿತಿಯ ಮೇಲೆ ಇರುವ ಹೊದಿಕೆಯೇ 0.1 ಮಿಲಿಮೀಟರ್.

ಅದಕ್ಕಿಂತ ಎಷ್ಟೋ ಪಾಲು ಫಲ ಕೊಡುವ ಉಪಾಯ, ಬೇರೆ ಡ್ರೈವಿನಲ್ಲಿ ಹಾಕಿ ನೋಡುವುದು. ಒಂದು ಡ್ರೈವ್ ತಿರಸ್ಕರಿಸಿದ ಡಿಸ್ಕನ್ನು ಇನ್ನೊಂದು ಮರುಮಾತಿಲ್ಲದೆ ಓದುವುದು ತೀರಾ ಸಾಮಾನ್ಯ. ಲೇಸರ್ ಮಂಕಾಗಿರಬಹುದು, ಲೆನ್ಸಿನ ಮೇಲೆ ಧೂಳು ಕೂತಿರಬಹುದು. ಯುಎಸ್‌ಬಿಗೆ ಚುಚ್ಚುವ ತೆಳು ಡ್ರೈವ್ ಆದರೆ ವಿದ್ಯುತ್ ಸಾಲದೆ ಹೀಗಾಗುವುದೂ ಉಂಟು. ಒಂದು ಕಿಂಡಿಯನ್ನು ಹಲವಾಗಿಸುವ ‘ಹಬ್’ ಮೂಲಕ ಕೊಡದೆ ನೇರವಾಗಿ ಕಂಪ್ಯೂಟರಿಗೇ ಚುಚ್ಚಿ; ಎರಡು ತುದಿಯ ಕೇಬಲ್ ಬಂದಿದ್ದರೆ ಎರಡನ್ನೂ ಹಾಕಿ, ಎರಡನೆಯದು ಅಲಂಕಾರಕ್ಕೆ ಕೊಟ್ಟದ್ದಲ್ಲ. ಡ್ರೈವಿನ ವೇಗ ಇಳಿಸುವ ಸಣ್ಣ ತಂತ್ರಾಂಶಗಳೂ ಇವೆ. ನಿಧಾನಕ್ಕೆ ತಿರುಗುವ ಡಿಸ್ಕ್ ಅದುರುವುದು ಕಡಿಮೆ, ಲೇಸರಿಗೆ ದಾರಿ ಹಿಡಿದು ಹೋಗುವುದು ಸುಲಭ.

ಡ್ರೈವ್ ಯಾವುದೇ ಇರಲಿ, ಡಿಸ್ಕಿನಿಂದ ನೇರವಾಗಿ ಇನ್‌ಸ್ಟಾಲ್ ಮಾಡುವ ಹಟ ಬಿಡಿ. ಡಿಸ್ಕಿನಲ್ಲಿರುವುದನ್ನೆಲ್ಲ ಹಾರ್ಡ್ ಡಿಸ್ಕಿನ ಒಂದು ಫೋಲ್ಡರಿಗೆ ಕಾಪಿ ಮಾಡಿ, ಅಲ್ಲಿಂದ ಸೆಟಪ್ ಓಡಿಸಿ. ಬಹಳಷ್ಟು ಆಟಗಳು ಇದನ್ನು ಒಪ್ಪುತ್ತವೆ. ಯಾವ ಫೈಲಿನಲ್ಲಿ ತೊಡಕಿದೆ ಎಂಬುದೂ ಕಾಪಿ ಮಾಡುವಾಗಲೇ ಬಯಲಾಗುತ್ತದೆ. ಕಾಪಿ ಮಾಡಲು ವಿಂಡೋಸಿನ ರೋಬೊಕಾಪಿ ಆಜ್ಞೆ ಬಳಸುವವರಿಗೆ ಒಂದು ಕಿವಿಮಾತು: ಅದಕ್ಕೆ ನೀವು ಏನೂ ಹೇಳದಿದ್ದರೆ ಓದಲಾಗದ ಒಂದು ಫೈಲಿಗಾಗಿ ಹತ್ತು ಲಕ್ಷ ಸಲ, ಒಂದೊಂದು ಸಲಕ್ಕೂ 30 ಸೆಕೆಂಡ್ ಕಾದು ಪ್ರಯತ್ನಿಸುತ್ತದೆ. ಲೆಕ್ಕ ಹಾಕಿ, ಒಂದು ವರ್ಷಕ್ಕೆ ಸ್ವಲ್ಪ ಕಡಿಮೆ! ಮರುಪ್ರಯತ್ನದ ಸಂಖ್ಯೆಯನ್ನು ಎರಡೋ ಮೂರೋ ಎಂದು ಕೊಟ್ಟೇ ಶುರುಮಾಡಿ.

ಇನ್ನೂ ಗಟ್ಟಿಯಾದ ದಾರಿ, ಇಡೀ ಡಿಸ್ಕಿನ ಪ್ರತಿಬಿಂಬವನ್ನು ಐಎಸ್‌ಒ ಫೈಲಾಗಿ ತೆಗೆಯುವುದು. ವಿಂಡೋಸಿನಲ್ಲಿ ಇಮ್ಗ್‌ಬರ್ನ್, ಐಸೊಬಸ್ಟರ್ ಇವೆ. ಲಿನಕ್ಸಿನ ಡಿಡಿರೆಸ್ಕ್ಯೂ ನನ್ನ ಮೆಚ್ಚಿನದು. ಓದಲಾದ ಸೆಕ್ಟರ್ ಯಾವುದು, ಆಗದ್ದು ಯಾವುದು ಎಂಬ ನಕ್ಷೆಯನ್ನು ಅದು ಒಂದು ಫೈಲಿನಲ್ಲಿ ಬರೆದಿಡುತ್ತದೆ. ಮೊದಲ ಡ್ರೈವಿನಲ್ಲಿ ಓದಿದಷ್ಟು ಓದಿ, ಡಿಸ್ಕನ್ನು ಎರಡನೇ ಡ್ರೈವಿಗೆ ಹಾಕಿ ಅದೇ ನಕ್ಷೆ ಕೊಟ್ಟರೆ ಉಳಿದ ತೂತುಗಳನ್ನಷ್ಟೇ ತುಂಬಲು ಹೊರಡುತ್ತದೆ. ಒಬ್ಬೊಬ್ಬರಾಗಿ ಸೋತ ಎರಡು ಡ್ರೈವ್‌ಗಳು ಸೇರಿ ಒಂದು ಡಿಸ್ಕನ್ನು ಪೂರ್ತಿ ಓದಿದ್ದನ್ನು ನೋಡಿದ್ದೇನೆ. ಹಾಗೆ ಸಿಕ್ಕ ಐಎಸ್‌ಒವನ್ನು ವಿಂಡೋಸ್ 8ರಿಂದ ಈಚೆಗೆ ಎರಡು ಸಲ ಕ್ಲಿಕ್ಕಿಸಿದರೆ ಸಾಕು, ಡಿಸ್ಕಿನಂತೆಯೇ ತೆರೆದುಕೊಳ್ಳುತ್ತದೆ. ಒಂದು ಎಚ್ಚರಿಕೆ: ಸೇಫ್‌ಡಿಸ್ಕ್ ರಕ್ಷಣೆ ಇರುವ ಹಳೆಯ ಆಟಗಳಲ್ಲಿ ನಕಲು ತಡೆಯಲೆಂದೇ ಓದಲಾಗದ ಸೆಕ್ಟರುಗಳನ್ನು ಕಾರ್ಖಾನೆಯಲ್ಲೇ ಇಟ್ಟಿರುತ್ತಾರೆ. ಐಎಸ್‌ಒ ತೆಗೆಯುವಾಗ ಒಂದೇ ಕಡೆ ಸಾಲುಸಾಲಾಗಿ ದೋಷ ಬಂದು, ಫೈಲುಗಳೆಲ್ಲ ಮಾತ್ರ ಸರಿಯಾಗಿ ಕಾಪಿ ಆಗುತ್ತಿದ್ದರೆ ಗಾಬರಿ ಬೇಡ.

ಈಗ ನನ್ನ ಕಥೆ. ನಾಲ್ಕು ಸಿಡಿಯ ಆಟವೊಂದು ಮೊದಲು ಮೂರನೇ ಡಿಸ್ಕಿನಲ್ಲಿ ನಿಂತಿತು. ಒರೆಸಿದೆ. ಮುಂದಿನ ಸಲ ಎರಡನೆಯದರಲ್ಲೇ ನಿಂತಿತು. ಅದನ್ನೂ ಒರೆಸಿದೆ. ಡ್ರೈವ್ ಬದಲಿಸಿದೆ, ಗೆಳೆಯನ ಡಿಸ್ಕುಗಳನ್ನು ತಂದೆ, ನಾಲ್ಕನೆಯದರಲ್ಲಿ ನಿಂತಿತು. ಒಂದು ಶನಿವಾರ ಪೂರ್ತಿ ಹೀಗೇ ಹೋಯಿತು. ರಾತ್ರಿ ಬೇಸತ್ತು ಕಂಪ್ಯೂಟರಿನ ಮೆಮೊರಿಯನ್ನು (ರ‍್ಯಾಮ್) ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಿಸಿದರೆ ಪರದೆಯ ತುಂಬ ಕೆಂಪು ಸಾಲುಗಳು. ಎರಡು ರ‍್ಯಾಮ್ ಪಟ್ಟಿಗಳಲ್ಲಿ ಒಂದು ಕೆಟ್ಟಿತ್ತು. ಅದನ್ನು ಕಿತ್ತಿಟ್ಟೆ, ಮೊದಲಿನ ಡಿಸ್ಕುಗಳಿಂದಲೇ ಆಟ ಇಳಿಯಿತು. ಡಿಸ್ಕಿನಿಂದ ಸರಿಯಾಗಿಯೇ ಬಂದ ಗಂಟನ್ನು ಬಿಚ್ಚುವಾಗ ರ‍್ಯಾಮಿನಲ್ಲಿ ಒಂದೆರಡು ಬಿಟ್ ತಿರುಗುತ್ತಿದ್ದವು. ಇನ್‌ಸ್ಟಾಲರ್ ದೂರು ಹೊರಿಸುತ್ತಿದ್ದದ್ದು ಡಿಸ್ಕಿನ ಮೇಲೆ.

ಈ ಜಾತಿಯ ತೊಂದರೆ ಹಿಡಿಯುವುದಕ್ಕೆ ಸುಲಭದ ಒಂದು ವಿದ್ಯೆ ಇದೆ. ದೊಡ್ಡ ಫೈಲೊಂದನ್ನು ಡಿಸ್ಕಿನಿಂದ ಕಾಪಿ ಮಾಡಿ. ಡಿಸ್ಕ್ ಹೊರತೆಗೆದು ಮತ್ತೆ ಹಾಕಿ, ಅದೇ ಫೈಲನ್ನು ಬೇರೆ ಹೆಸರಿನಲ್ಲಿ ಇನ್ನೊಮ್ಮೆ ಕಾಪಿ ಮಾಡಿ. ಹೊರತೆಗೆಯದಿದ್ದರೆ ವಿಂಡೋಸ್ ತನ್ನ ನೆನಪಿನಲ್ಲಿದ್ದದ್ದನ್ನೇ ಮತ್ತೆ ಕೊಟ್ಟು ನಿಮ್ಮನ್ನು ಏಮಾರಿಸಬಹುದು. ಎರಡರ ಹ್ಯಾಶ್ ಮೌಲ್ಯವನ್ನು, ಅಂದರೆ ಫೈಲಿನ ಒಳಗಿನದನ್ನೆಲ್ಲ ಲೆಕ್ಕ ಹಾಕಿ ಬರುವ ಬೆರಳಚ್ಚಿನಂಥ ಸಂಖ್ಯೆಯನ್ನು, ವಿಂಡೋಸಿನ ಸರ್ಟ್‌ಯುಟಿಲ್‌ನಿಂದ ತೆಗೆದು ಹೋಲಿಸಿ. ಯಾವ ದೋಷವನ್ನೂ ತೋರಿಸದೆ ಕಾಪಿಯಾಗಿ ಎರಡೂ ಬೇರೆ ಬೇರೆ ಬಂದರೆ ಕಳ್ಳ ಕಂಪ್ಯೂಟರಿನೊಳಗೇ ಇದ್ದಾನೆ: ಮೊದಲು ರ‍್ಯಾಮ್, ಆಮೇಲೆ ಕೇಬಲ್. ವಿಂಡೋಸಿನ ಈವೆಂಟ್ ವ್ಯೂವರ್ ಕೂಡ ಸಾಕ್ಷಿ ಹೇಳುತ್ತದೆ. ಸಿಸ್ಟಂ ದಾಖಲೆಯಲ್ಲಿ ಸಿಡಿರಾಮ್ ಹೆಸರಿನಲ್ಲಿ 7ನೇ ಸಂಖ್ಯೆಯ ‘ಬ್ಯಾಡ್ ಬ್ಲಾಕ್’ ದೋಷವಿದ್ದರೆ ಡ್ರೈವ್ ನಿಜವಾಗಿಯೂ ಓದಲಾರದೆ ಸೋತಿದೆ. ಆ ಹೊತ್ತಿನಲ್ಲಿ ಅಂಥ ದಾಖಲೆಯೇ ಇಲ್ಲದಿದ್ದರೆ ಡಿಸ್ಕನ್ನು ಬೈಯುವುದು ಅನ್ಯಾಯ. ಆಂಟಿವೈರಸ್ ಅಡ್ಡಬಂದಿದೆಯೇ, ಸಿ ಡ್ರೈವಿನಲ್ಲಿ ಜಾಗ ಇದೆಯೇ ಎಂಬುದನ್ನೂ ಒಮ್ಮೆ ನೋಡಿಬಿಡಿ.

ಇನ್‌ಸ್ಟಾಲ್ ಪೂರ್ತಿ ಮುಗಿದು, ಆಟ ತೆರೆಯುವಾಗ ‘ಸರಿಯಾದ ಡಿಸ್ಕ್ ಹಾಕಿ’ ಎಂದು ಕಾಡಿದರೆ ಅದು ಬೇರೆಯೇ ರೋಗ. ಸೇಫ್‌ಡಿಸ್ಕ್ ಮತ್ತು ಸೆಕ್ಯೂರಾಮ್ ಎಂಬ ನಕಲು ತಡೆಯುವ ರಕ್ಷಣೆಗಳ ಕೆಲವು ಆವೃತ್ತಿಗಳನ್ನು ವಿಂಡೋಸ್ 10 ಮೊದಲ ದಿನದಿಂದಲೇ ಬೆಂಬಲಿಸಲಿಲ್ಲ. ಹಿಂದಿನ ವಿಂಡೋಸುಗಳಲ್ಲೂ 2015ರ ಸೆಪ್ಟೆಂಬರಿನ ಭದ್ರತಾ ಅಪ್‌ಡೇಟ್ ಸೇಫ್‌ಡಿಸ್ಕಿನ ಚಾಲಕ ತಂತ್ರಾಂಶವನ್ನು ನಿಲ್ಲಿಸಿತು. ಡಿಸ್ಕ್ ಕನ್ನಡಿಯಂತಿದ್ದರೂ ಉಪಯೋಗವಿಲ್ಲ. ಹಾಗೆಯೇ 1990ರ ದಶಕದ ಎಷ್ಟೋ ಆಟಗಳ ಸೆಟಪ್ 16 ಬಿಟ್‌ನದು, 64 ಬಿಟ್ ವಿಂಡೋಸಿನಲ್ಲಿ ಅದು ಏಳುವುದೇ ಇಲ್ಲ.

ಡಿಸ್ಕ್ ನಿಜಕ್ಕೂ ಹೋಗಿದ್ದರೆ ಪೆಟ್ಟಿಗೆಯೊಳಗಿನ ಕೀ ಸಂಖ್ಯೆಯನ್ನು ಹುಡುಕಿ. ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯ ಮೂಲಕವೇ ಸಕ್ರಿಯವಾಗುವ ಹಾಫ್-ಲೈಫ್ 2ನಂಥ ಆಟಗಳಿಗೆ ಡಿಸ್ಕ್ ಒಂದು ನೆಪ ಮಾತ್ರ. ಕೀ ಹಾಕಿದರೆ ಆಟವನ್ನು ಇಂಟರ್‌ನೆಟ್ಟಿನಿಂದ ಇಳಿಸಿಕೊಳ್ಳಬಹುದು. 2015ರಲ್ಲಿ ಜಿಟಿಎ 5 ಪಿಸಿಗೆ ಬಂದಾಗ ಏಳು ಡಿವಿಡಿಗಳಿದ್ದವು. ಏಳರಲ್ಲಿ ಒಂದು ಕೈಕೊಟ್ಟರೂ ಕೆಲಸ ಕೆಟ್ಟಿತು ಎನ್ನುವಾಗ ಈ ದಾರಿ ಎಷ್ಟು ದೊಡ್ಡ ಆಸರೆ, ಯೋಚಿಸಿ.

ಇನ್ನು ನಿಮ್ಮ ಡಿಸ್ಕು. ಪ್ರತಿ ಸಲ ಅರ್ಧದಲ್ಲೇ ನಿಲ್ಲುತ್ತದೆ, ಗೀರಿಲ್ಲ, ಬೇರೆ ಡಿಸ್ಕುಗಳು ಓದುತ್ತವೆ ಎಂದಿದ್ದೀರಿ. ನನ್ನ ಅನುಮಾನ ಎರಡನೇ ಪದರದ ಮೇಲೆ. ಒಂದು ಪದರದ ಡಿವಿಡಿಯಲ್ಲಿ 4.7 ಜಿಬಿ ಹಿಡಿಸುತ್ತದೆ, ಎರಡು ಪದರದ್ದರಲ್ಲಿ 8.5. ಮೊದಲ ಪದರ ಮುಗಿದಾಗ ಲೇಸರ್ ತನ್ನ ದೃಷ್ಟಿಯನ್ನು ಎರಡನೆಯದಕ್ಕೆ ಹೊಂದಿಸಿಕೊಳ್ಳಬೇಕು. ದಣಿದ ಡ್ರೈವ್ ಎಡವುವುದು ಅಲ್ಲೇ. ವಿಂಡೋಸಿನಲ್ಲಿ ಡಿಸ್ಕಿನ ಪ್ರಾಪರ್ಟೀಸ್ ತೆರೆದು ಬಳಕೆಯಾದ ಜಾಗ ನೋಡಿ. ವಿಂಡೋಸಿನ ಎಣಿಕೆಯಲ್ಲಿ ಒಂದು ಪದರದ ಮಿತಿ 4.37 ಜಿಬಿ. ನಿಮ್ಮದು ಅದಕ್ಕಿಂತ ಹೆಚ್ಚಿದ್ದು, ಸಲೀಸಾಗಿ ಓದಿದ ಆ ಬೇರೆ ಡಿಸ್ಕುಗಳೆಲ್ಲ ಕಡಿಮೆ ಇದ್ದರೆ, ನಿಮ್ಮ ಡ್ರೈವ್ ಎರಡನೇ ಪದರದ ಪರೀಕ್ಷೆಗೆ ಇದುವರೆಗೆ ಕೂತೇ ಇಲ್ಲ. ಡಿಸ್ಕನ್ನು ಬಿಸಾಡಬೇಡಿ, ಯಾರದಾದರೂ ಬೇರೆ ಡ್ರೈವ್ ಒಂದು ಗಂಟೆ ಕೇಳಿ ಪಡೆದು ಐಎಸ್‌ಒ ತೆಗೆದುಕೊಳ್ಳಿ.