ಯಾರೂ ಕೇಳಿಕೊಂಡು ಬರಲಿಲ್ಲ ಅಂದರೆ ಯಾರಿಗೂ ಬೇಕಿಲ್ಲ ಅಂತಲ್ಲ: ಎಲ್‌ಜಿಬಿಟಿ ಯುವಜನರ ಅಗತ್ಯ ತಿಳಿಯುವುದು ಹೇಗೆ?

ಸಮಾಜಕಾರ್ಯ ಓದುವವರಿಗೆ ಅಗತ್ಯಗಳ ಮೌಲ್ಯಮಾಪನದ ಪಾಠ ಬಂದೇ ಬರುತ್ತದೆ. ಯಾರಿಗೆ ಏನು ಬೇಕು ಎಂದು ತಿಳಿದು, ಅದಕ್ಕೆ ತಕ್ಕಂತೆ ಸೇವೆಯನ್ನು ತಿದ್ದುವುದು ಅದರ ಉದ್ದೇಶ. ಓದುವಾಗ ಸಲೀಸು ಅನ್ನಿಸುತ್ತದೆ. ಎಲ್‌ಜಿಬಿಟಿ, ಅಂದರೆ ಸಲಿಂಗಪ್ರೇಮಿ, ದ್ವಿಲಿಂಗಪ್ರೇಮಿ ಮತ್ತು ಟ್ರಾನ್ಸ್‌ಜೆಂಡರ್ (ಹುಟ್ಟಿದಾಗ ಗುರುತಿಸಿದ ಲಿಂಗ ತಮ್ಮದಲ್ಲ ಅನ್ನಿಸುವ) ಹುಡುಗ ಹುಡುಗಿಯರ ವಿಷಯಕ್ಕೆ ಬಂದಾಗ ಎಡವುತ್ತೇವೆ.

ಬ್ರಿಟನ್ನಿನ ಸಮಾಜನೀತಿ ವಿದ್ವಾಂಸ ಜೊನಾಥನ್ ಬ್ರಾಡ್‌ಶಾ 1972ರಲ್ಲಿ ಅಗತ್ಯವನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು. ತಜ್ಞರು ಬೇಕೆಂದು ತೀರ್ಮಾನಿಸಿದ್ದು. ಜನರಿಗೆ ಮನಸ್ಸಿನೊಳಗೇ ಬೇಕು ಅನ್ನಿಸಿದ್ದು. ಬಾಯಿಬಿಟ್ಟು ಕೇಳಿದ್ದು. ಇಂಥದೇ ಸ್ಥಿತಿಯ ಬೇರೆಯವರಿಗೆ ಸಿಕ್ಕಿ, ಇವರಿಗೆ ಸಿಗದೇ ಇರುವುದು. ಪರೀಕ್ಷೆಗೆ ನಾಲ್ಕನ್ನೂ ನೆನಪಿಡಿ. ಆದರೆ ನಮ್ಮ ವಿಷಯದಲ್ಲಿ ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಇರುವ ಅಂತರವನ್ನೇ ಜಾಸ್ತಿ ನೋಡಬೇಕು.

ಒಂದು ತಾಲ್ಲೂಕು ಕೇಂದ್ರದ ಪಿಯು ಕಾಲೇಜು ಅಂದುಕೊಳ್ಳಿ. ವಾರಕ್ಕೊಮ್ಮೆ ಆಪ್ತಸಮಾಲೋಚಕರು ಬರುತ್ತಾರೆ. ಅವರ ರಿಜಿಸ್ಟರ್‌ನಲ್ಲಿ ಇಂಥ ಒಂದು ಪ್ರಕರಣವೂ ಇಲ್ಲ. 'ನಮ್ಮಲ್ಲಿ ಅಂಥವರು ಯಾರೂ ಇಲ್ಲ' ಎಂದು ಕಾಲೇಜಿನವರು ಹೇಳುತ್ತಾರೆ. ಈಗ ಆ ಕೋಣೆ ನೋಡಿ. ಅದು ಇರುವುದು ಸ್ಟಾಫ್ ರೂಮಿನ ಪಕ್ಕದಲ್ಲಿ. ಒಳಗೆ ಹೋಗುವ ಮೊದಲು ಹೆಸರು, ತರಗತಿ, ಬಂದ ಕಾರಣ ಬರೆಯಬೇಕು. ಲೆಕ್ಚರರ್‌ಗೆ ಹುಡುಗನ ಅಪ್ಪನ ಪರಿಚಯ ಇದೆ. ಯಾರು ಹೋಗುತ್ತಾರೆ ಹೇಳಿ? ರಿಜಿಸ್ಟರ್‌ನ ಆ ಸೊನ್ನೆ ಕೋಣೆಯ ಬಗ್ಗೆ ಹೇಳುತ್ತಿದೆ, ಮಕ್ಕಳ ಬಗ್ಗೆ ಏನೂ ಹೇಳುತ್ತಿಲ್ಲ.

ದೊಡ್ಡ ಅಂಕಿಗಳಲ್ಲೂ ಇದೇ ತೊಡಕು. 2011ರ ಜನಗಣತಿಯಲ್ಲಿ ದೇಶದಲ್ಲಿ 4,87,803 ಜನ ಗಂಡು, ಹೆಣ್ಣು ಬಿಟ್ಟು 'ಇತರೆ' ಎಂದು ದಾಖಲಾದರು. ಆದರೆ ಗಣತಿಗೆ ಬಂದವರಿಗೆ ಉತ್ತರ ಕೊಡುವುದು ಸಾಮಾನ್ಯವಾಗಿ ಮನೆಯ ಹಿರಿಯರು. ಹದಿನೇಳು ವರ್ಷದ ಮಗು ತನ್ನನ್ನು ಏನೆಂದುಕೊಂಡಿದೆ ಎಂಬುದು ಅಲ್ಲಿಗೆ ತಲುಪುವುದು ಕಷ್ಟ. ಇನ್ನು ಸಲಿಂಗಪ್ರೇಮಿಗಳಿಗೆ, ದ್ವಿಲಿಂಗಪ್ರೇಮಿಗಳಿಗೆ ಕಾಲಮ್ಮೇ ಇರಲಿಲ್ಲ.

ಬ್ರಾಡ್‌ಶಾ ಹೇಳಿದ ಮೊದಲ ಬಗೆ, ಅಂದರೆ ತಜ್ಞರು ತೀರ್ಮಾನಿಸಿದ್ದು, ಕಾನೂನುಗಳಲ್ಲಿ ಸಿಗುತ್ತದೆ. ಸುಪ್ರೀಂ ಕೋರ್ಟಿನ 2014ರ ನಾಲ್ಸಾ ತೀರ್ಪು ಟ್ರಾನ್ಸ್‌ಜೆಂಡರ್ ಜನರ ಗುರುತನ್ನು ಒಪ್ಪಿತು; 377ನೇ ಕಲಂ ಕುರಿತ 2018ರ ತೀರ್ಪು ವಯಸ್ಕರ ನಡುವಿನ ಒಪ್ಪಿತ ಸಲಿಂಗ ಸಂಬಂಧ ಅಪರಾಧವಲ್ಲ ಎಂದಿತು. 2017ರ ಮಾನಸಿಕ ಆರೋಗ್ಯ ಕಾಯ್ದೆ ಲೈಂಗಿಕ ಒಲವಿನ ಕಾರಣಕ್ಕೆ ಚಿಕಿತ್ಸೆಯಲ್ಲಿ ಭೇದ ಮಾಡಬಾರದು ಎನ್ನುತ್ತದೆ. ಆದರೆ 2019ರ ಟ್ರಾನ್ಸ್‌ಜೆಂಡರ್ ಕಾಯ್ದೆಯನ್ನು ನಿಧಾನವಾಗಿ ಓದಿ. ಗುರುತಿನ ಪ್ರಮಾಣಪತ್ರ ಬೇಕಾದವರು 18 ತುಂಬದವರಾಗಿದ್ದರೆ ಅಪ್ಪ ಅಮ್ಮ ಅಥವಾ ಪೋಷಕರೇ ಅರ್ಜಿ ಹಾಕಬೇಕು. ಮನೆಯವರೇ ಒಪ್ಪದ ಮಗು ಏನು ಮಾಡಬೇಕು? ಅಧ್ಯಯನದಲ್ಲಿ ಈ ಪ್ರಶ್ನೆ ಇರಲೇಬೇಕು ಎಂಬುದು ನನ್ನ ಅಭಿಪ್ರಾಯ.

ನಾಲ್ಕನೆಯ ಬಗೆಗೆ, ಅಂದರೆ ಬೇರೆಯವರಿಗೆ ಸಿಕ್ಕಿ ಇವರಿಗೆ ಸಿಗದ್ದಕ್ಕೆ, ನಮ್ಮ ರಾಜ್ಯವೇ ಉದಾಹರಣೆ. ಬೆಂಗಳೂರಿನಲ್ಲಿ ಎಲ್‌ಜಿಬಿಟಿ ಜನರಿಗೆ ಬೆಂಬಲ ಕೊಡುವ 'ಗುಡ್ ಆ್ಯಸ್ ಯೂ' ಗುಂಪು 1994ರಲ್ಲೇ ಶುರುವಾಯಿತು, ಇವರ ಹಕ್ಕುಗಳಿಗಾಗಿ ದುಡಿಯುವ ಸಂಗಮ ಸಂಸ್ಥೆ 1999ರಲ್ಲಿ. ಬೆಂಗಳೂರಿನ ಹುಡುಗ ಸಿಟಿ ಬಸ್ ಹತ್ತಿ ಇಂಥ ಕಡೆ ಹೋಗಬಹುದು. ಸಿಂಧನೂರಿನ ಹುಡುಗ ರಾತ್ರಿ ಬಸ್ಸಿಗೆ ದುಡ್ಡು ಹೊಂದಿಸಿದರೂ, ಮನೆಯಲ್ಲಿ ಏನಂತ ಹೇಳಿ ಹೊರಡುತ್ತಾನೆ? 2021ರಲ್ಲಿ ಕರ್ನಾಟಕ ಸರ್ಕಾರಿ ನೌಕರಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ (ಟ್ರಾನ್ಸ್‌ಜೆಂಡರ್ ಜನರಿಗೆ) ಶೇ 1 ಮೀಸಲಾತಿ ತಂದಿತು. ತುಂಬ ಒಳ್ಳೆಯ ಹೆಜ್ಜೆ. ಆದರೆ ಕೀಟಲೆ ತಡೆಯಲಾರದೆ ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವರಿಗೆ ಅದರಿಂದ ಸಿಗುವುದು ಕಡಿಮೆ, ಅಲ್ವಾ?

ಇನ್ನು ಕೇಳುವ ಬಗೆ. 'ನೀನು ಸಲಿಂಗಪ್ರೇಮಿಯೇ?' ಎಂದು ಮೊದಲೇ ಕೇಳಬೇಡಿ. ಎಷ್ಟೋ ಮಕ್ಕಳಿಗೆ ತಮ್ಮ ಬಗ್ಗೆ ಗೊತ್ತಿರುವ ಪದ ಎಂದರೆ ಬೈಗುಳ ಮಾತ್ರ: ಹೆಣ್ಣಿಗ, ಗಂಡುಬೀರಿ, ಒಂಬತ್ತು. ಬದುಕಿನ ಬಗ್ಗೆ ಕೇಳಿ. ಕ್ಲಾಸಿನಲ್ಲಿ ಏನಂತ ಕರೆಯುತ್ತಾರೆ? ಶಾಲೆಯ ಶೌಚಾಲಯಕ್ಕೆ ಹೋಗಲು ಹೆದರಿಕೆಯೇ? ನಿನ್ನ ಮೊಬೈಲ್ ಯಾರೆಲ್ಲ ನೋಡುತ್ತಾರೆ? ಮನೆಯಲ್ಲಿ ಮದುವೆ ಮಾತು ಶುರುವಾಗಿದೆಯೇ? ಈ ಕೊನೆಯ ಎರಡು ಪ್ರಶ್ನೆಗಳನ್ನು ಹುಡುಗಿಯರಿಗೆ ತಪ್ಪದೇ ಕೇಳಿ.

ಹುಡುಗಿಯರು ನಮ್ಮ ಮಾದರಿಯಲ್ಲಿ, ಅಂದರೆ ಅಧ್ಯಯನಕ್ಕೆ ಆಯ್ದುಕೊಂಡವರಲ್ಲಿ, ಸಿಗುವುದೇ ಕಡಿಮೆ. ಒಬ್ಬರು ತಮ್ಮ ಪರಿಚಯದವರನ್ನು ಕರೆತರುವ ವಿಧಾನವನ್ನು ಅಮೆರಿಕದ ಸಮಾಜಶಾಸ್ತ್ರಜ್ಞ ಡಗ್ಲಸ್ ಹೆಕಥಾರ್ನ್ 1997ರಲ್ಲಿ ಕ್ರಮಬದ್ಧಗೊಳಿಸಿದರು. ಪಟ್ಟಿ ಇಲ್ಲದ ಗುಂಪಿಗೆ ಅದು ಒಳ್ಳೆಯ ದಾರಿ. ಆದರೆ ಸ್ನೇಹಿತರು ಇದ್ದವರು ಮಾತ್ರ ಅದರಲ್ಲಿ ಸಿಗುತ್ತಾರೆ. ಸಂಜೆ ಆರರ ಮೇಲೆ ಹೊರಗೆ ಬಿಡದ ಮನೆಯ ಹುಡುಗಿಯನ್ನು ಯಾರು ಕರೆತರುತ್ತಾರೆ? ಅವಳಿಗೇ ಎಲ್ಲರಿಗಿಂತ ಜಾಸ್ತಿ ಬೆಂಬಲ ಬೇಕಿರಬಹುದು. ಹಾಗಾಗಿ ಯಾರು ಸಿಗಲಿಲ್ಲ ಎಂಬುದನ್ನೂ ವರದಿಯಲ್ಲಿ ಬರೆಯಬೇಕು.

ಒಪ್ಪಿಗೆಯ ವಿಷಯದಲ್ಲಿ ತುಂಬ ಎಚ್ಚರ ಬೇಕು. 18 ತುಂಬದವರಿಗೆ ಪೋಷಕರ ಸಹಿ ಬೇಕು ಎನ್ನುವುದು ಸಾಮಾನ್ಯ ನಿಯಮ. ಇಲ್ಲಿ ಆ ಸಹಿಯ ಹಾಳೆಯೇ ಮಗುವಿನ ಗುಟ್ಟನ್ನು ಮನೆಯಲ್ಲಿ ಬಯಲು ಮಾಡಿಬಿಡಬಹುದು. ಇದನ್ನು ಸಂಶೋಧನೆಗೆ ಅನುಮತಿ ಕೊಡುವ ನೈತಿಕ ಸಮಿತಿಯ ಮುಂದೆ ಮೊದಲೇ ಇಡಿ. ಕಲಿಯುವ ಹಂತದಲ್ಲಿರುವ ನಾವು 18 ದಾಟಿದವರನ್ನು ಅವರ ಶಾಲಾ ದಿನಗಳ ಬಗ್ಗೆ ಕೇಳುವುದೇ ಒಳ್ಳೆಯದು. 18ರ ಒಳಗಿನವರ ಜೊತೆ ಮಾತಾಡುವುದಾದರೆ ಪೋಕ್ಸೊ, ಅಂದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾಯ್ದೆ, ನೆನಪಿರಲಿ. ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ ದೂರು ಕೊಡಲೇಬೇಕು. ಎಲ್ಲವನ್ನೂ ಗುಟ್ಟಾಗಿ ಇಡುತ್ತೇನೆ ಎಂದು ಸುಮ್ನೆ ಮಾತು ಕೊಡಬೇಡಿ.

ಮತ್ತೆ ಆ ಪಿಯು ಕಾಲೇಜಿಗೆ ಬನ್ನಿ. ಕೋಣೆಯನ್ನು ಲೈಬ್ರರಿ ಕಡೆಗೆ ಬದಲಾಯಿಸಿ. ರಿಜಿಸ್ಟರ್‌ನಲ್ಲಿ ಹೆಸರಿನ ಬದಲು ನಂಬರ್ ಹಾಕಿ, ಕಾರಣದ ಕಾಲಮ್ ತೆಗೆಯಿರಿ. ನೋಟಿಸ್ ಬೋರ್ಡಿನಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಹಾಕಿ. ಮೂರು ತಿಂಗಳ ನಂತರ ಮತ್ತೆ ಲೆಕ್ಕ ನೋಡಿ. ಸೊನ್ನೆ ಹೋಗಿ ಎರಡಾಗಿದ್ದರೆ, ಸಮಸ್ಯೆ ಹೆಚ್ಚಾಯಿತು ಎಂದು ಬರೆಯಬೇಡಿ. ಮೊದಲಿನಿಂದ ಇದ್ದದ್ದು ಈಗ ಲೆಕ್ಕಕ್ಕೆ ಸಿಕ್ಕಿರಬಹುದು ಎಂದು ಬರೆಯಿರಿ.