ಹೈವೇಗೆ ಸೇರುವ ಹತ್ತು ಸೆಕೆಂಡು

ಕಳೆದ ತಿಂಗಳು ಕುಂಬಳೆಯ ಹತ್ತಿರ ಸರ್ವಿಸ್ ರೋಡಿನಿಂದ ಆರು ಲೇನಿನ ಹೈವೇಗೆ ಹತ್ತುತ್ತಿದ್ದೆವು. ಸ್ಟೇರಿಂಗ್ ಹಿಡಿದಿದ್ದ ಹುಡುಗ ಗಾಡಿಯನ್ನು ಸರಿಯಾಗಿ ಬಾಯಲ್ಲೇ ನಿಲ್ಲಿಸಿಬಿಟ್ಟ. ಮೂತಿ ಹೈವೇಯಲ್ಲಿ, ಹಿಂಭಾಗ ಸರ್ವಿಸ್ ರೋಡಿನಲ್ಲಿ. ಹಿಂದೆ ಬರುತ್ತಿದ್ದ ಪಿಕಪ್ ಗಕ್ಕನೆ ಬ್ರೇಕ್ ಹಾಕಿ ಹಾರನ್ ಒತ್ತಿತು.

"ಯಾಕೆ ನಿಲ್ಲಿಸಿದ್ದು?" ಎಂದೆ.

"ಗಾಡಿ ಬರ್ತಾ ಉಂಟು ಮಾಸ್ಟ್ರೇ. ಅದು ಹೋಗ್ಲಿ ಅಂತ."

ಅವನು ಹೇಳಿದ್ದು ಸುಳ್ಳಲ್ಲ. ಗಾಡಿ ಬರುತ್ತಿತ್ತು. ಅದು ಹೋದ ಮೇಲೆ ಇನ್ನೊಂದು, ಅದರ ಹಿಂದೆ ಗ್ಯಾಸ್ ಟ್ಯಾಂಕರ್. ಮಂಗಳೂರಿನಿಂದ ಬರುವ ರಸ್ತೆ, ಖಾಲಿ ಆಗುವುದೆಂದು? ನಿಂತವನು ಈಗ ಸೊನ್ನೆಯಿಂದ ಹೊರಟು, ನೂರರಲ್ಲಿ ಬರುವವರ ಮುಂದೆ ನುಗ್ಗಬೇಕು. ಅವನಿಗೆ ಐದು ವರ್ಷದಿಂದ ಲೈಸೆನ್ಸ್ ಉಂಟು. ಒಂದು ಗೀರೂ ಇಲ್ಲದ ಕೆಎಲ್ 14 ಗಾಡಿ. ಮುಂದಿನ ತಿಂಗಳು ಶಾರ್ಜಾಕ್ಕೆ ಹೊರಟಿದ್ದಾನೆ. ಹೋಗುವ ಮೊದಲು ನಾಲ್ಕು ದಿನ ನನ್ನ ಜೊತೆ ಕೂತು ಹೋಗು ಎಂದು ಅವನ ಅಪ್ಪ ಕಳಿಸಿದ್ದರು.

ಕಾಸರಗೋಡಿನಲ್ಲಿ ಡ್ರೈವಿಂಗ್ ಕಲಿಸಲು ಶುರು ಮಾಡುವ ಮೊದಲು ನಾನೂ ಒಂಬತ್ತು ವರ್ಷ ಶಾರ್ಜಾ ಮತ್ತು ದುಬೈ ನಡುವೆ ಡೆಲಿವರಿ ವ್ಯಾನ್ ಓಡಿಸಿದವನು. ಬದಿಯಡ್ಕ, ಪೆರ್ಲ, ಉಪ್ಪಳ, ಮಂಜೇಶ್ವರ, ಎಲ್ಲ ಕಡೆಯಿಂದಲೂ ಕೊಲ್ಲಿಗೆ ಹೊರಟವರು ನನ್ನ ಹತ್ತಿರ ಬರುತ್ತಾರೆ. ಎಲ್ಲರ ಪ್ರಶ್ನೆ ಒಂದೇ. "ಅಲ್ಲಿ ಬಲಗಡೆ ಓಡಿಸಬೇಕಂತೆ, ಕಷ್ಟವಾ?" ಬಲಗಡೆ ಓಡಿಸುವುದು ಒಂದು ವಾರದಲ್ಲಿ ಅಭ್ಯಾಸ ಆಗುತ್ತದೆ. ಹೈವೇಗೆ ಸೇರುವುದು ಆಗುವುದಿಲ್ಲ. ಅದನ್ನು ಕಲಿತೇ ಹೋಗಬೇಕು.

ನಮ್ಮಲ್ಲಿ ಹಾಗೆ ಸೇರುವ ಅಗತ್ಯವೇ ಇರಲಿಲ್ಲ ಅಲ್ವಾ? ಹಳೆಯ 17ನೇ ನಂಬರಿನ ಹೆದ್ದಾರಿ ಎರಡು ಲೇನಿನದು. ಒಳರಸ್ತೆಯಿಂದ ಬಂದವರು ಮೂತಿಯನ್ನು ಸ್ವಲ್ಪ ಹೊರಗೆ ಹಾಕುತ್ತಿದ್ದರು. ಬಸ್ಸಿನವನು ಹಾರನ್ ಹೊಡೆದು ಬಲಕ್ಕೆ ಎಳೆದುಕೊಂಡು ಹೋಗುತ್ತಿದ್ದ. ಇನ್ನು ಸ್ವಲ್ಪ ಮುಂದೆ ಬಂದರೆ ಯಾರಾದರೊಬ್ಬರು ನಿಲ್ಲಿಸುತ್ತಿದ್ದರು. ಎಲ್ಲರೂ ನಲ್ವತ್ತು, ಐವತ್ತರಲ್ಲಿ ಹೋಗುವಾಗ ಇದು ನಡೆಯುತ್ತದೆ. ಮುಖ ತೋರಿಸಿ ಜಾಗ ಕೇಳುವುದು, ಮುಖ ನೋಡಿ ಜಾಗ ಕೊಡುವುದು. ಅದರಲ್ಲಿ ಒಂದು ಮನುಷ್ಯತ್ವವೂ ಇತ್ತು, ನಾನದನ್ನು ಹಳಿಯುವುದಿಲ್ಲ. ಆದರೆ ಈಗ ಅದೇ ದಾರಿ 66ನೇ ನಂಬರಿನ ಹೆದ್ದಾರಿ. ತಲಪಾಡಿಯಿಂದ ಚೆಂಗಳದವರೆಗೆ ಆರು ಲೇನು. ಕೇರಳದಲ್ಲಿ 2023ರ ಜುಲೈಯಿಂದ ಆರು ಲೇನಿನ ರಾಷ್ಟ್ರೀಯ ಹೆದ್ದಾರಿಯಲ್ಲಿ ಕಾರಿಗೆ ಗಂಟೆಗೆ 110 ಕಿಲೋಮೀಟರ್ ಮಿತಿ. ನೂರಹತ್ತರಲ್ಲಿ ಬರುವವನಿಗೆ ನಿಮ್ಮ ಮುಖ ಕಾಣಿಸುವುದಿಲ್ಲ.

ಲೆಕ್ಕ ಮಾಡಿ ನೋಡಿ. ಹೈವೇಯಲ್ಲಿ ಒಬ್ಬ ನೂರರಲ್ಲಿ ಬರುತ್ತಿದ್ದಾನೆ. ನೀವು ನಲ್ವತ್ತರಲ್ಲಿ ಅವನ ಲೇನಿಗೆ ಇಳಿದಿರಿ. ಇಬ್ಬರ ನಡುವೆ ನೂರು ಮೀಟರ್ ಇದೆ. ನೂರು ಮೀಟರ್ ಎಂದರೆ ಜಾಸ್ತಿಯೇ ಎಂದು ಕಾಣುತ್ತದೆ. ಆದರೆ ಆರೇ ಸೆಕೆಂಡಿನಲ್ಲಿ ಅವನು ನಿಮ್ಮ ಡಿಕ್ಕಿಗೆ ಬಂದು ತಾಗುತ್ತಾನೆ. ನೀವು ಎಂಬತ್ತರಲ್ಲಿ ಇಳಿದಿದ್ದರೆ? ಅದೇ ನೂರು ಮೀಟರಿಗೆ ಹದಿನೆಂಟು ಸೆಕೆಂಡು. ಅಷ್ಟರಲ್ಲಿ ನೀವು ನೂರು ಮುಟ್ಟಿರುತ್ತೀರಿ. ಅವನು ಕಾಲು ಎತ್ತುವ ಅಗತ್ಯವೂ ಬರುವುದಿಲ್ಲ. ಜಾಗ ಅಷ್ಟೇ, ಗಾಡಿ ಅದೇ. ಬದಲಾದದ್ದು ನಿಮ್ಮ ವೇಗ ಮಾತ್ರ. ನಿಧಾನಕ್ಕೆ ಹೋದರೆ ಅಪಾಯ ಇಲ್ಲ ಎಂದು ಮನೆಯಲ್ಲಿ ಹೇಳಿಕೊಡುತ್ತಾರೆ. ಹೈವೇಗೆ ಸೇರುವಾಗ ನಿಧಾನವೇ ಅಪಾಯ.

ಹಾಗಾಗಿ ನಾನು ಕಲಿಸುವುದು ಒಂದೇ ಮಾತು. ನಿಮ್ಮಿಂದಾಗಿ ಹೈವೇಯಲ್ಲಿ ಯಾರೂ ಬ್ರೇಕ್ ತುಳಿಯಬಾರದು. ಆ ರಸ್ತೆ ಅದರಲ್ಲಿ ಆಗಲೇ ಹೋಗುತ್ತಿರುವವರದ್ದು. ನೀವು ಅವರ ವೇಗಕ್ಕೆ ಬಂದು ಸೇರಬೇಕು, ಅವರನ್ನು ನಿಮ್ಮ ವೇಗಕ್ಕೆ ಇಳಿಸಬಾರದು. ಎಮಿರೇಟ್ಸಿನಲ್ಲಿ ಸೇರುವ ರಾಂಪನ್ನು ಉದ್ದಕ್ಕೆ ಮಾಡಿರುವುದು ಇದಕ್ಕೇ. ಅದು ಕಾಯುವ ಜಾಗ ಅಲ್ಲ, ಓಡುವ ಜಾಗ. ನಮ್ಮವರು ಅಲ್ಲಿಗೆ ಹೋಗಿ ರಾಂಪಿನ ಉದ್ದಕ್ಕೂ ಐವತ್ತರಲ್ಲಿ ಹೋಗುತ್ತಾರೆ, ತುದಿಗೆ ಬಂದು ಹೆದರಿ ನಿಲ್ಲಿಸುತ್ತಾರೆ. ಉದ್ದ ಎಲ್ಲ ವ್ಯರ್ಥ. ಹಿಂದೆ ಬರುವವನು ನೀವು ಹೊರಟೇ ಹೊರಡುತ್ತೀರಿ ಎಂದುಕೊಂಡು ಹೈವೇ ಕಡೆ ನೋಡುತ್ತಿರುತ್ತಾನೆ, ನಿಮ್ಮನ್ನಲ್ಲ. ಬಂದು ಹಿಂದಿನಿಂದ ಗುದ್ದುತ್ತಾನೆ.

ನಮ್ಮ ಹೈವೇಯಲ್ಲಿ ಸೇರುವ ಬಾಯಿ ಗಿಡ್ಡ. ಸರ್ವಿಸ್ ರೋಡಿನಲ್ಲಿ ಸ್ಕೂಟರ್, ಮಕ್ಕಳು, ಎದುರಿನಿಂದ ಬರುವ ಆಟೋ. ಅಲ್ಲಿ ಎಂಬತ್ತಕ್ಕೆ ಏರಿಸಿ ಎಂದು ನಾನು ಹೇಳುವುದಿಲ್ಲ. ಕಾಯಲೇಬೇಕಾದರೆ ಬಾಯಿಗೆ ಇಪ್ಪತ್ತು, ಮೂವತ್ತು ಮೀಟರ್ ಮೊದಲೇ ಬದಿಗೆ ನಿಂತು ಕಾಯಿರಿ. ದೊಡ್ಡ ಅಂತರ ಕಂಡ ಮೇಲೆ ಹೊರಡಿ. ಓಡಲು ಸ್ವಲ್ಪ ನೆಲ ನಿಮ್ಮ ಮುಂದೆ ಉಳಿದಿರಬೇಕು. ತುದಿಯಲ್ಲಿ ನಿಂತವನಿಗೆ ಅದೂ ಇಲ್ಲ.

ಇನ್ನು ಕನ್ನಡಿ. ಇಲ್ಲಿ ಸರ್ವಿಸ್ ರೋಡ್ ಎಡಕ್ಕೆ, ಹೈವೇ ಬಲಕ್ಕೆ. ನೀವು ಬಲಗಡೆ ಕೂತು ಬಲಗಡೆಯ ಕನ್ನಡಿ ನೋಡುತ್ತೀರಿ. ದುಬೈಯಲ್ಲಿ ರಾಂಪ್ ಬಲಕ್ಕೆ, ಹೈವೇ ಎಡಕ್ಕೆ. ನೀವು ಎಡಗಡೆ ಕೂತಿರುತ್ತೀರಿ, ಎಡಗಡೆಯ ಕನ್ನಡಿ ನೋಡುತ್ತೀರಿ. ಎಡ, ಬಲ ಎಂದು ತಲೆ ಕೆಡಿಸಿಕೊಳ್ಳಬೇಡಿ. ಎರಡು ಕಡೆಯೂ ಅದು ನಿಮ್ಮ ಬದಿಯ ಕನ್ನಡಿಯೇ. ಇದನ್ನು ಹೇಳಿದ ಕೂಡಲೇ ಎಷ್ಟೋ ಜನರ ಅರ್ಧ ಹೆದರಿಕೆ ಹೋಗುವುದನ್ನು ನಾನು ಕಂಡಿದ್ದೇನೆ. ಹೈವೇ ಬಿಡುವಾಗ ಮಾತ್ರ ಎದುರು ಬದಿಯ ಕನ್ನಡಿ ಬೇಕು. ಜಾಸ್ತಿ ಜನ ತಪ್ಪುವುದೂ ಅಲ್ಲೇ.

ಕನ್ನಡಿಯನ್ನು ಒಂದು ಸಲ ನೋಡಿದರೆ ಗಾಡಿ ಇದೆ ಎಂದು ಮಾತ್ರ ಗೊತ್ತಾಗುತ್ತದೆ. ಎರಡು ಸಲ ನೋಡಿ. ನೋಡಿ, ಮುಂದೆ ನೋಡಿ, ಒಂದು ಸೆಕೆಂಡು ಬಿಟ್ಟು ಮತ್ತೆ ನೋಡಿ. ಎರಡನೇ ಸಲ ಗಾಡಿ ಮೊದಲಿಗಿಂತ ದೊಡ್ಡದಾಗಿ ಕಂಡರೆ ಅದು ನಿಮಗಿಂತ ವೇಗದಲ್ಲಿದೆ, ಅದು ಹೋಗಲಿ. ಅಷ್ಟೇ ಗಾತ್ರದಲ್ಲಿದ್ದರೆ ಇಬ್ಬರ ವೇಗ ಒಂದೇ, ಅದರ ಮುಂದೆ ನಿಮಗೆ ಜಾಗ ಇದೆ. ಬದಿಯ ಕನ್ನಡಿ ಉಬ್ಬಿಕೊಂಡಿದ್ದರೆ ಗಾಡಿ ಇರುವುದಕ್ಕಿಂತ ದೂರ ಕಾಣುತ್ತದೆ. ನೆನಪಿರಲಿ. ಕೊನೆಗೆ ತಲೆ ತಿರುಗಿಸಿ ಭುಜದ ಮೇಲಿಂದ ಒಮ್ಮೆ ಕಣ್ಣು ಹಾಯಿಸಿ. ನಿಮ್ಮ ಬಾಗಿಲಿನ ಪಕ್ಕದಲ್ಲೇ ಬರುತ್ತಿರುವ ಗಾಡಿ ಯಾವ ಕನ್ನಡಿಯಲ್ಲೂ ಕಾಣದೆ ಇರಬಹುದು. ನಮ್ಮ ಊರಿನ ಲೈಸೆನ್ಸ್ ಪರೀಕ್ಷೆಯಲ್ಲಿ ಎಚ್ ಅಕ್ಷರದ ಆಕಾರಕ್ಕೆ ನೆಟ್ಟ ಕಂಬಗಳ ನಡುವೆ ಹಿಂದಕ್ಕೆ ತೆಗೆದು ತೋರಿಸಿದ್ದೇವೆ, ನಿಜ. ಈ ಭುಜದ ನೋಟ ಅದರಿಂದ ಬರುವುದಿಲ್ಲ.

ಇಂಡಿಕೇಟರ್ ಬಗ್ಗೆ ನನ್ನದೇ ಒಂದು ಘಟನೆ ಹೇಳಬೇಕು. ಶಾರ್ಜಾದಲ್ಲಿ ನನ್ನ ಮೊದಲ ತಿಂಗಳು. ಮಧ್ಯಾಹ್ನದ ಬಿಸಿಲು. ಎಡಕ್ಕೆ ಲೇನ್ ಬದಲಿಸಬೇಕು ಎಂದು ಬಲಗೈಯಿಂದ ಕಡ್ಡಿ ಎಳೆದೆ. ಗಾಜಿನ ಮೇಲೆ ವೈಪರ್ ಓಡಿತು. ಅಲ್ಲಿನ ಗಾಡಿಗಳಲ್ಲಿ ಇಂಡಿಕೇಟರ್ ಎಡಗೈಗೆ, ವೈಪರ್ ಬಲಗೈಗೆ. ನಮ್ಮ ಗಾಡಿಗಳಲ್ಲಿ ಹೆಚ್ಚಿನವು ಇದಕ್ಕೆ ತಿರುಗಾಮುರುಗಾ. ಅಷ್ಟರಲ್ಲಿ ನನ್ನ ಗಾಡಿ ಅರ್ಧ ಆ ಲೇನಿಗೆ ಹೋಗಿತ್ತು. ಹಿಂದಿನವನಿಗೆ ಯಾವ ಸೂಚನೆಯೂ ಇರಲಿಲ್ಲ. ಅವನ ಟಯರ್ ಕೂಗಿದ ಸದ್ದು ನನಗೆ ಇವತ್ತಿಗೂ ಕೇಳಿಸುತ್ತದೆ. ಅವನ ಹಿಂದಿನ ಸೀಟಿನಲ್ಲಿ ಇಬ್ಬರು ಮಕ್ಕಳಿದ್ದರು. ಅವತ್ತಿನಿಂದ ನಾನು ಯಾವ ಹೊಸ ಗಾಡಿ ಹತ್ತಿದರೂ ಹೊರಡುವ ಮೊದಲು ನಿಂತಲ್ಲೇ ಹತ್ತು ಸಲ ಎಡ, ಬಲ ಇಂಡಿಕೇಟರ್ ಹಾಕಿ ನೋಡುತ್ತೇನೆ. ನೀವೂ ಹಾಗೆ ಮಾಡಿ.

ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಹಾಕುವ ಅಭ್ಯಾಸ ಊರಿನಲ್ಲೇ ಬಿಟ್ಟು ಹೋಗಿ. ಇಲ್ಲಿ ಆಟಿಯ ಮಳೆ ಬಂತೆಂದರೆ ಎಲ್ಲರೂ ಅದನ್ನು ಹಾಕಿಕೊಂಡು ಓಡಿಸುತ್ತಾರೆ. ಸರ್ಕಲ್ಲಿನಲ್ಲಿ ನೇರ ಹೋಗುತ್ತೇನೆ ಎನ್ನಲೂ ಅದನ್ನೇ ಹಾಕುತ್ತಾರೆ. ನಾಲ್ಕೂ ಮಿನುಗುತ್ತಿರುವಾಗ ನೀವು ಎತ್ತ ಸರಿಯುತ್ತೀರಿ ಎಂದು ಯಾರಿಗೆ ತಿಳಿಯಬೇಕು? ಮಳೆಯಲ್ಲಿ ಹೆಡ್‌ಲೈಟ್ ಹಾಕಿ, ಸಾಕು. ಇಲ್ಲಿ ಲಾರಿಯವನು ಇಂಡಿಕೇಟರ್ ಹಾಕಿ "ನೀನು ಹೋಗು" ಎನ್ನುತ್ತಾನೆ. ಅಲ್ಲಿ ಇಂಡಿಕೇಟರಿಗೆ "ನಾನು ಈ ಕಡೆ ಬರುತ್ತೇನೆ" ಎಂಬ ಒಂದೇ ಅರ್ಥ.

ಸೇರಿದ ಮೇಲೆ ಸುಮ್ನೆ ಅದೇ ಲೇನಿನಲ್ಲಿ ಸ್ವಲ್ಪ ಹೊತ್ತು ಇರಿ. ರಾಂಪಿನಿಂದ ಇಳಿದವನು ಒಂದೇ ಎಳೆತಕ್ಕೆ ನಾಲ್ಕು ಲೇನು ದಾಟಿ ಎಡತುದಿಗೆ ಹೋಗುವುದನ್ನು ಶೇಖ್ ಝಾಯೆದ್ ರಸ್ತೆಯಲ್ಲಿ ನೋಡುವಾಗ ನನಗೆ ಎದೆ ಹೊಡೆದುಕೊಳ್ಳುತ್ತಿತ್ತು. ಒಂದೊಂದೇ ಲೇನು, ಪ್ರತಿ ಸಲ ಕನ್ನಡಿ, ಪ್ರತಿ ಸಲ ಭುಜ. ಎಡತುದಿಯ ಲೇನು ಓವರ್‌ಟೇಕಿಗೆ. ಅಲ್ಲಿ ಹಿಂದಿನಿಂದ ಲೈಟ್ ಮಿನುಗಿದರೆ ಜಗಳ ಎಂದುಕೊಳ್ಳಬೇಡಿ, ಬಲಕ್ಕೆ ಸರಿದು ಬಿಟ್ಟುಕೊಡಿ. ಸಿಟ್ಟು ಬಂದು ಕೈಸನ್ನೆ ಮಾಡಬೇಡಿ. ಅಲ್ಲಿ ಅಸಭ್ಯ ಸನ್ನೆ ಪೊಲೀಸ್ ಕೇಸಾಗುತ್ತದೆ.

ಮುಂದಿನ ಗಾಡಿಯಿಂದ ಮೂರು ಸೆಕೆಂಡು ಬಿಡಿ. ಅದು ಒಂದು ದೀಪದ ಕಂಬ ದಾಟಿದಾಗ ಎಣಿಸಲು ಶುರು ಮಾಡಿ, ನೀವು ಆ ಕಂಬಕ್ಕೆ ತಲುಪುವಾಗ ಮೂರು ಸೆಕೆಂಡು ಆಗಿರಬೇಕು. ನೂರರ ವೇಗದಲ್ಲಿ ಮೂರು ಸೆಕೆಂಡು ಎಂದರೆ ಎಂಬತ್ತು ಮೀಟರಿಗೂ ಜಾಸ್ತಿ. ನಮ್ಮ ಕಣ್ಣಿಗೆ ಅಷ್ಟು ಜಾಗ ಖಾಲಿ ಬಿಟ್ಟದ್ದು ತಪ್ಪು ಎಂದೇ ಅನಿಸುತ್ತದೆ. ಯಾರೋ ಬಂದು ನುಗ್ಗುತ್ತಾರೆ ಎಂಬ ಚಿಂತೆ. ನುಗ್ಗಲಿ. ಆ ಜಾಗ ಇದ್ದರೆ ತಾನೆ ರಾಂಪಿನಿಂದ ಬರುವವನು ಸೇರುವುದು? ನೀವು ಇವತ್ತು ಸೇರಿದ್ದೂ ಯಾರೋ ಬಿಟ್ಟ ಅಂಥದೇ ಜಾಗದಲ್ಲಿ. ಸಾಕಷ್ಟು ಅಂತರ ಬಿಡದಿದ್ದರೆ ಎಮಿರೇಟ್ಸಿನಲ್ಲಿ 400 ದಿರ್ಹಾಂ ದಂಡ, ನಾಲ್ಕು ಬ್ಲ್ಯಾಕ್ ಪಾಯಿಂಟ್. ರಸ್ತೆಯ ಬದಿಯ ಶೋಲ್ಡರಿನಲ್ಲಿ ಓವರ್‌ಟೇಕ್ ಮಾಡಿದರೆ 1000 ದಿರ್ಹಾಂ, ಆರು ಪಾಯಿಂಟ್. 24 ಪಾಯಿಂಟ್ ಆದರೆ ಲೈಸೆನ್ಸ್ ಅಮಾನತು. ಡ್ರೈವಿಂಗನ್ನೇ ನಂಬಿ ಹೋದವನಿಗೆ ಅದು ಅನ್ನದ ಪ್ರಶ್ನೆ.

ವೇಗದ ಮಿತಿಯಲ್ಲೂ ಒಂದು ಬಲೆ ಇದೆ. ದುಬೈ, ಶಾರ್ಜಾಗಳಲ್ಲಿ ಬೋರ್ಡಿನ ಮಿತಿಗಿಂತ 20 ಕಿಲೋಮೀಟರ್ ಮೇಲಿನವರೆಗೆ ಕ್ಯಾಮರಾ ಬಿಡುತ್ತದೆ. ಅಬುಧಾಬಿಯಲ್ಲಿ 2018ರ ಆಗಸ್ಟಿನಿಂದ ಆ ರಿಯಾಯಿತಿ ಇಲ್ಲ. ಬೋರ್ಡಿನಲ್ಲಿ 140 ಇದ್ದರೆ 140 ಅಷ್ಟೇ. ತಲಪಾಡಿ ದಾಟಿದರೆ ರಾಜ್ಯ ಬದಲಾಗುವ ಊರಿನವರು ನಾವು, ಗಡಿ ಎಂದರೆ ಏನು ಎಂದು ನಮಗೆ ಬೇರೆ ಹೇಳಬೇಕಾಗಿಲ್ಲ. ಅಲ್ಲೂ ಹಾಗೇ, ಒಂದು ಎಮಿರೇಟಿನಿಂದ ಇನ್ನೊಂದಕ್ಕೆ ಹೋಗುವಾಗ ಬೋರ್ಡ್ ನೋಡಿ.

ಈಗೀಗ ನರ್ಸಿಂಗ್ ಕಲಿತು ಬ್ರಿಟನ್ನಿಗೆ, ಜರ್ಮನಿಗೆ ಹೋಗುವ ಹೆಣ್ಣುಮಕ್ಕಳೂ ಬರುತ್ತಾರೆ. ಬ್ರಿಟನ್ನಿನಲ್ಲಿ ನಮ್ಮ ಹಾಗೇ ಎಡಗಡೆ. ಮೋಟಾರ್‌ವೇಯಲ್ಲಿ ಇರುವವರಿಗೆ ಮೊದಲ ಹಕ್ಕು, ಸೇರುವವರು ಅವರ ವೇಗಕ್ಕೆ ಹೊಂದಿಕೊಳ್ಳಬೇಕು ಎಂದು ಅಲ್ಲಿನ ಹೈವೇ ಕೋಡಿನಲ್ಲೇ ಬರೆದಿದೆ. ಲೈಟ್ ಮಿನುಗಿಸುವುದಕ್ಕೂ ಅದರಲ್ಲಿ ಒಂದೇ ಅರ್ಥ, "ನಾನಿದ್ದೇನೆ" ಎಂದು. "ನೀನು ಬಾ" ಎಂದಲ್ಲ. ಜರ್ಮನಿಯಲ್ಲಿ ಸಾಲು ನಿಧಾನ ಇರುವಾಗ ಒಂದು ಲೇನು ಮುಗಿದರೆ ಜಿಪ್ ಎಳೆದ ಹಾಗೆ, ಇತ್ತಿಂದ ಒಂದು, ಅತ್ತಿಂದ ಒಂದು. ಅದಕ್ಕೆ ಲೇನಿನ ಕೊನೆಯವರೆಗೂ ಹೋಗಿಯೇ ಸೇರಬೇಕು. ನಮ್ಮವರಿಗೆ ಅದು ಸಾಲು ತಪ್ಪಿಸಿ ಮುಂದೆ ಹೋದ ಹಾಗೆ ಕಾಣುತ್ತದೆ, ನಾಚಿಕೊಂಡು ಮೊದಲೇ ನಡುವೆ ನಿಲ್ಲಿಸುತ್ತಾರೆ. ಅಲ್ಲಿ ಅದೇ ನಿಯಮ, ನಾಚಿಕೊಳ್ಳುವುದು ಬೇಡ.

ಇಳಿಯುವ ದಾರಿ ತಪ್ಪಿದರೆ? ಮುಂದಿನದಕ್ಕೆ ಹೋಗಿ. ಹತ್ತು ಕಿಲೋಮೀಟರ್ ಜಾಸ್ತಿ ಆದರೂ ಹೋಗಿ. ನಮ್ಮ ಹೊಸ ಹೈವೇಯಲ್ಲಿ ಸುತ್ತು ಬಳಸುವುದು ಬೇಡವೆಂದು ಎದುರು ದಿಕ್ಕಿನಲ್ಲಿ ಬರುವ ಬೈಕುಗಳನ್ನು ದಿನಾ ನೋಡುತ್ತೇನೆ. ಹಿಂದಕ್ಕೆ ತೆಗೆಯುವ ಕಾರುಗಳನ್ನೂ ನೋಡುತ್ತೇನೆ. ನಿಲ್ಲಿಸಿ ಬೇಡಿಕೊಂಡದ್ದೂ ಉಂಟು. ಆ ಅಭ್ಯಾಸ ಇದ್ದವರು ಅದನ್ನು ಎಲ್ಲಿಗೂ ಕೊಂಡುಹೋಗಬಾರದು, ಮನೆಯ ಹತ್ತಿರವೂ ಇಟ್ಟುಕೊಳ್ಳಬಾರದು.

ಆ ಹುಡುಗನನ್ನು ಅವತ್ತು ಮುಂದಿನ ದಾರಿಯಲ್ಲಿ ಇಳಿಸಿ, ಸುತ್ತಿಸಿ, ಮತ್ತೆ ಅದೇ ಕುಂಬಳೆಗೆ ತಂದೆ. ಮೂರು ಸಲ. ಮೊದಲ ಸಲ ಮತ್ತೆ ನಿಲ್ಲಿಸಿದ. ಎರಡನೇ ಸಲ ನಿಲ್ಲಿಸಲಿಲ್ಲ, ಆದರೆ ಕಣ್ಣು ಮುಂದೆ ಮಾತ್ರ ಇತ್ತು. ಮೂರನೇ ಸಲ ಬಾಯಿಗೆ ಸಾಕಷ್ಟು ಮೊದಲೇ ನಿಂತು ಕಾದ. ಕಾರುಗಳ ಸಾಲು ಹೋಯಿತು. ದೂರದಲ್ಲಿ ಒಂದು ಟ್ಯಾಂಕರ್ ಮಾತ್ರ ಉಳಿಯಿತು. ಇಂಡಿಕೇಟರ್ ಹಾಕಿ ಹೊರಟ. ಮೂರನೇ ಗೇರಿನಲ್ಲಿ ಎಂಜಿನ್ ಜೋರಾಗಿ ಕೂಗಿತು. "ಕೂಗಲಿ, ಕಾಲು ತೆಗೀಬೇಡ" ಎಂದೆ. ಕನ್ನಡಿ ನೋಡಿದ, ಮುಂದೆ ನೋಡಿದ, ಮತ್ತೆ ಕನ್ನಡಿ, ಆಮೇಲೆ ಭುಜ.

"ಟ್ಯಾಂಕರ್ ಎಷ್ಟು ದೊಡ್ಡ ಉಂಟು?" ಎಂದು ಕೇಳಿದೆ.

"ಮೊದಲು ಇದ್ದಷ್ಟೇ ಉಂಟು ಮಾಸ್ಟ್ರೇ" ಎನ್ನುತ್ತಾ ಲೇನಿಗೆ ಸೇರಿದ.