ಸಮವಸ್ತ್ರ ಕೊಳ್ಳುವಾಗ ಜೊತೆಯ ಲೆಕ್ಕ ಬೇಡ

ಮಗುವನ್ನು ಮೊದಲ ಸಲ ಶಾಲೆಗೆ ಸೇರಿಸಿದವರು ಅಳತೆ ಕೊಡಲು ಬಂದಾಗ ಸಾಮಾನ್ಯವಾಗಿ ಕೇಳುವ ಪ್ರಶ್ನೆ, ಎಷ್ಟು ಜೊತೆ ಸಮವಸ್ತ್ರ ಹೊಲಿಸಿದರೆ ಸಾಕು ಎಂಬುದು. ಮಕ್ಕಳ ಬಟ್ಟೆ ಹೊಲಿಯುವುದನ್ನೇ ಕಸುಬಾಗಿ ಮಾಡಿಕೊಂಡಿರುವ ನಾನು ಇದಕ್ಕೆ ನೇರವಾಗಿ ಒಂದು ಸಂಖ್ಯೆ ಹೇಳುವುದಿಲ್ಲ. ಅಂಗಿ ಕೊಳೆಯಾಗುವ ವೇಗ ಬೇರೆ, ಚಡ್ಡಿ ಅಥವಾ ಲಂಗ ಸವೆಯುವ ವೇಗ ಬೇರೆ, ಮಗುವಿನ ಕಾಲು ಬೆಳೆಯುವ ವೇಗ ಇನ್ನೂ ಬೇರೆ. ಹೀಗಿರುವಾಗ ಎಲ್ಲವನ್ನೂ ಒಂದೇ ಸಂಖ್ಯೆಯಲ್ಲಿ ಕೊಂಡರೆ ವರ್ಷದ ಕೊನೆಗೆ ಕಪಾಟಿನಲ್ಲಿ ಕೆಲವು ಬಟ್ಟೆಗಳು ಮಡಿಕೆ ಬಿಚ್ಚದೆ ಉಳಿದಿರುತ್ತವೆ, ಕೆಲವು ಹರಿದು ಹೋಗಿರುತ್ತವೆ.

ಮೊದಲು ನೋಡಬೇಕಾದದ್ದು ನಿಮ್ಮ ಮನೆಯಲ್ಲಿ ಬಟ್ಟೆ ಒಗೆಯುವ ಪದ್ಧತಿಯನ್ನು. ಒಂದು ಸಲ ಒಗೆದ ಮೇಲೆ ಮತ್ತೊಮ್ಮೆ ಒಗೆಯುವವರೆಗೆ ಹೆಚ್ಚೆಂದರೆ ಎಷ್ಟು ಶಾಲಾದಿನಗಳು ಬರುತ್ತವೆ ಎಂದು ಎಣಿಸಿ, ಒಗೆದದ್ದು ಒಣಗಿ ಕೈಗೆ ಬರುವುದರೊಳಗೆ ಕಳೆಯುವ ಶಾಲಾದಿನಗಳನ್ನು ಅದಕ್ಕೆ ಸೇರಿಸಿ, ತುರ್ತಿಗೆಂದು ಒಂದನ್ನು ಕೂಡಿಸಿದರೆ ಅಂಗಿಗಳ ಲೆಕ್ಕ ಸಿಗುತ್ತದೆ. ಪ್ರತಿದಿನ ಸಂಜೆ ಒಗೆದು, ಮರುದಿನವೆಲ್ಲ ಒಣಗಲು ಬಿಡುವ ಮನೆಗೆ ಮೂರು ಅಂಗಿಗಳು ಸಾಕು. ವಾರಕ್ಕೆ ಎರಡು ಸಲ, ಉದಾಹರಣೆಗೆ ಬುಧವಾರ ಮತ್ತು ಶನಿವಾರ ಒಗೆಯುವವರಿಗೆ ಸೋಮವಾರದಿಂದ ಬುಧವಾರದವರೆಗೆ ಮೂರು, ಆ ಮೂರು ಒಣಗುವಾಗ ಗುರುವಾರಕ್ಕೆ ಒಂದು, ತುರ್ತಿಗೆ ಒಂದು ಎಂದು ಐದು ಬೇಕಾಗುತ್ತವೆ. ವಾರಕ್ಕೊಮ್ಮೆ ಮಾತ್ರ ಒಗೆಯುವವರು ಶಾಲಾದಿನಗಳಿಗಿಂತ ಒಂದು ಹೆಚ್ಚಿಗೆ ಇಟ್ಟುಕೊಳ್ಳಬೇಕು. ಆದರೆ ಬಿಳಿ ಅಂಗಿಯ ಕೊರಳಪಟ್ಟಿಯಲ್ಲಿ ಬೆವರಿನ ಕಲೆ ಆರು ದಿನ ಕುಳಿತರೆ ಅದನ್ನು ಉಜ್ಜಿ ತೆಗೆಯುವ ಹೊತ್ತಿಗೆ ಬಟ್ಟೆಯೇ ತೆಳುವಾಗುತ್ತದೆ. ಆದ್ದರಿಂದ ಅಂಗಿಗಳ ಸಂಖ್ಯೆ ಹೆಚ್ಚಿಸುವುದಕ್ಕಿಂತ ವಾರದ ನಡುವೆ ಒಮ್ಮೆ ಅಂಗಿಗಳನ್ನಷ್ಟೇ ಒಗೆದುಕೊಳ್ಳುವುದು ಲೇಸೆಂದು ನಾನು ಹೇಳುತ್ತೇನೆ.

ಈ ಲೆಕ್ಕದಲ್ಲಿ ಬಟ್ಟೆಯ ಜಾತಿಗೂ ಪಾಲಿದೆ. ಸಾಧಾರಣ ಹವೆಯಲ್ಲಿಯೂ ಹತ್ತಿಯ ನೂಲು ತನ್ನ ತೂಕದ ಶೇಕಡಾ 8ರ ಆಸುಪಾಸಿನಲ್ಲಿ ತೇವವನ್ನು ಹಿಡಿದುಕೊಂಡಿರುತ್ತದೆ. ಪಾಲಿಯೆಸ್ಟರಿನಲ್ಲಿ ಅದು ಶೇಕಡಾ 0.4ರಷ್ಟು ಮಾತ್ರ. ಶುದ್ಧ ಹತ್ತಿಯ ಅಂಗಿ ಮೈಗೆ ಹಿತವಾಗಿದ್ದರೂ ನಿಧಾನವಾಗಿ ಒಣಗುತ್ತದೆ, ಇಸ್ತ್ರಿಯನ್ನೂ ಬೇಡುತ್ತದೆ. ಸಮವಸ್ತ್ರಗಳಲ್ಲಿ ಹೆಚ್ಚಾಗಿ ಕಾಣುವ ಮಿಶ್ರ ಬಟ್ಟೆ, ಅಂದರೆ ಶೇಕಡಾ 65 ಪಾಲಿಯೆಸ್ಟರ್ ಮತ್ತು 35 ಹತ್ತಿ ಸೇರಿದ್ದು, ಬೇಗ ಒಣಗುವುದರಿಂದ ಒಂದು ಅಂಗಿಯನ್ನು ಉಳಿಸಿಕೊಡುತ್ತದೆ. ಒಣಗಿತೇ ಎಂದು ನೋಡಲು ಅಂಗಿಯ ಬೆನ್ನನ್ನು ಮುಟ್ಟಿ ನೋಡಿದರೆ ಸಾಲದು. ಕೊರಳಪಟ್ಟಿಯ ಒಳಮಗ್ಗುಲು, ಜೇಬಿನ ತಳ, ಸೊಂಟಪಟ್ಟಿ, ಇವು ಕೊನೆಯಲ್ಲಿ ಒಣಗುವ ಜಾಗಗಳು. ಮೋಡ ಕವಿದ ದಿನಗಳಲ್ಲಿ ವಾಸನೆ ಹುಟ್ಟುವುದೂ ಅಲ್ಲಿಂದಲೇ.

ಇನ್ನು ಚಡ್ಡಿ, ಪ್ಯಾಂಟು, ಲಂಗಗಳ ವಿಷಯ. ದೊಡ್ಡ ತರಗತಿಯ ಮಕ್ಕಳು ಒಂದು ಪ್ಯಾಂಟನ್ನು ಎರಡು ದಿನ ತೊಡುವುದರಿಂದ ಅಂಗಿಗಳ ಅರ್ಧದಷ್ಟಿದ್ದರೆ ಸಾಕೆಂಬ ಮಾತು ಸರಿಯಾದದ್ದೇ. ಆದರೆ ಅದನ್ನು ಆಗ ತಾನೇ ಶಾಲೆಗೆ ಸೇರಿದ ಮಗುವಿಗೆ ಅನ್ವಯಿಸಬಾರದು. ನೆಲದ ಮೇಲೆ ಕೂರುವುದು, ಮಣ್ಣಿನಲ್ಲಿ ಆಡುವುದು, ಊಟದ ಡಬ್ಬಿಯನ್ನು ತಾನೇ ತೆರೆಯಲು ಹೋಗಿ ಮಡಿಲಲ್ಲಿ ಚೆಲ್ಲಿಕೊಳ್ಳುವುದು, ಹೊಸ ಜಾಗದ ಸಂಕೋಚದಲ್ಲಿ ಶೌಚಕ್ಕೆ ಹೋಗಬೇಕೆಂದು ಹೇಳಲು ತಡಮಾಡುವುದು, ಇವೆಲ್ಲವೂ ಮೊದಲ ಕೆಲವು ತಿಂಗಳು ಸಹಜ. ನಾಲ್ಕೈದು ವರ್ಷದ ಮಗುವಿಗೆ ಅಂಗಿಗಳಷ್ಟೇ ಚಡ್ಡಿಗಳಿರಲಿ. ಚೀಲದಲ್ಲಿ ಸದಾ ಇರಬೇಕಾದ ಬದಲಿ ಚಡ್ಡಿಯನ್ನು ಈ ಲೆಕ್ಕದ ಹೊರಗಿಡಿ. ಅದು ಸಮವಸ್ತ್ರದ್ದೇ ಆಗಿರಬೇಕೇ ಅಥವಾ ಅದೇ ಬಣ್ಣದ ಸಾದಾ ಚಡ್ಡಿಯಾದರೂ ನಡೆಯುತ್ತದೆಯೇ ಎಂದು ಶಿಕ್ಷಕಿಯನ್ನು ಕೇಳಿ ತಿಳಿದುಕೊಳ್ಳಿ. ಅಂಗಿಯ ಮೇಲೆ ತೊಡುವ, ತೋಳಿಲ್ಲದ ನಿಲುವಂಗಿಯಾದರೆ ಎರಡು ಅಥವಾ ಮೂರು ಸಾಕು, ಏಕೆಂದರೆ ಬೆವರನ್ನು ಹೀರುವುದು ಒಳಗಿನ ಅಂಗಿ.

ಅಳತೆಯ ವಿಷಯದಲ್ಲಿ ನಾನು ತಂದೆತಾಯಿಯರೊಡನೆ ಹೆಚ್ಚು ವಾದ ಮಾಡುತ್ತೇನೆ. ಎರಡು ವರ್ಷ ಬರಲೆಂದು ಎಲ್ಲವನ್ನೂ ದೊಗಳೆಯಾಗಿ ಹೊಲಿಸಬೇಕೆಂದು ಬಹಳ ಜನ ಬಯಸುತ್ತಾರೆ. ನಾಲ್ಕರಿಂದ ಹತ್ತು ವರ್ಷದೊಳಗಿನ ಮಗು ಸಾಮಾನ್ಯವಾಗಿ ವರ್ಷಕ್ಕೆ 5ರಿಂದ 6 ಸೆಂ.ಮೀ. ಎತ್ತರವಾಗುತ್ತದೆ, ಮತ್ತು ಈ ವಯಸ್ಸಿನಲ್ಲಿ ಆ ಬೆಳವಣಿಗೆಯ ದೊಡ್ಡ ಪಾಲು ಕಾಲುಗಳಿಗೆ ಹೋಗುತ್ತದೆ. ಸೊಂಟದ ಸುತ್ತಳತೆ ಅಷ್ಟು ಬೇಗ ಬದಲಾಗುವುದಿಲ್ಲ. ಆದ್ದರಿಂದ ಪ್ಯಾಂಟು ಸೊಂಟಕ್ಕೆ ಇವತ್ತಿನ ಅಳತೆಗೇ ಕೂರಬೇಕು. ಮುಂದಿನ ವರ್ಷಕ್ಕೆಂದು ಜಾಗ ಬಿಡಬೇಕಾದದ್ದು ಕಾಲಿನ ಅಂಚಿನ ಒಳಮಡಿಕೆಯಲ್ಲಿ. ಸಿದ್ಧ ಉಡುಪು ಕೊಳ್ಳುವವರು ಪ್ಯಾಂಟನ್ನು ಒಳಮಗ್ಗುಲು ತಿರುಗಿಸಿ, ಕಾಲಿನ ತುದಿಯಲ್ಲಿ ಎಷ್ಟು ಬಟ್ಟೆ ಮಡಿಸಿದೆ ಎಂದು ಬೆರಳಿನಿಂದ ಅಳೆಯಲಿ. ಒಂದೂವರೆ ಸೆಂ.ಮೀ. ಮಡಿಕೆಯಿದ್ದರೆ ಆ ಪ್ಯಾಂಟಿಗೆ ಮುಂದಿನ ವರ್ಷವಿಲ್ಲ. 5 ಅಥವಾ 6 ಸೆಂ.ಮೀ. ಇದ್ದರೆ ಒಮ್ಮೆ ನಿಶ್ಚಿಂತೆಯಿಂದ ಬಿಚ್ಚಬಹುದು. ಹಾಗೆಯೇ ಹಿಂಬದಿಯ ನಡುಹೊಲಿಗೆಯ ಪಕ್ಕದಲ್ಲಿ ಎರಡು ಬೆರಳಗಲ ಬಟ್ಟೆ ಬಿಟ್ಟಿದ್ದರೆ, ಮಗು ದಪ್ಪಗಾದರೂ ಸೊಂಟವನ್ನು ಸಡಿಲಿಸಲು ಬರುತ್ತದೆ. ಬಿಚ್ಚಿದ ಮೇಲೆ ಹಳೆಯ ಮಡಿಕೆಯ ಗೆರೆ ಮತ್ತು ಅದರ ಕೆಳಗೆ ಮಾಸದ ಗಾಢ ಬಣ್ಣ ಕಾಣುವುದು ನಿಜ. ಬಟ್ಟೆಯನ್ನು ಆರಂಭದಿಂದಲೇ ಒಳಮಗ್ಗುಲು ತಿರುಗಿಸಿ ನೆರಳಿನಲ್ಲಿ ಒಣಗಿಸುತ್ತ ಬಂದಿದ್ದರೆ ಆ ಅಂತರ ಕಡಿಮೆಯಾಗಿರುತ್ತದೆ.

ಬೆಳವಣಿಗೆಗೆಂದು ಬಿಟ್ಟ ಜಾಗವನ್ನು ಮಗುವಿಗಿಂತ ಮೊದಲು ನೀರೇ ನುಂಗುವುದೂ ಉಂಟು. ಮುಂಚೆ ಕುಗ್ಗಿಸದ ಹತ್ತಿ ಬಟ್ಟೆ ಮೊದಲ ಒಂದೆರಡು ಒಗೆತಗಳಲ್ಲಿ ಶೇಕಡಾ 3ರಿಂದ 5ರವರೆಗೆ ಕುಗ್ಗಬಹುದು. 60 ಸೆಂ.ಮೀ. ಉದ್ದದ ಪ್ಯಾಂಟಿನಲ್ಲಿ ಇದು 2ರಿಂದ 3 ಸೆಂ.ಮೀ., ಅಂದರೆ ಹೆಚ್ಚುಕಡಿಮೆ ಅರ್ಧ ವರ್ಷದ ಬೆಳವಣಿಗೆ. ಹೊಲಿಸುವವರು ಬಟ್ಟೆಯನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ ಒಣಗಿಸಿ ಕೊಡಲಿ. ಸಿದ್ಧ ಉಡುಪು ಕೊಳ್ಳುವವರು ಮೊದಲು ಒಂದನ್ನು ಮಾತ್ರ ತಂದು, ಎರಡು ಸಲ ಒಗೆದು, ಮಗುವಿಗೆ ತೊಡಿಸಿ ನೋಡಿದ ಮೇಲೆ ಉಳಿದವುಗಳ ಅಳತೆಯನ್ನು ತೀರ್ಮಾನಿಸಲಿ. ಶಾಲೆ ಆರಂಭವಾಗಲು ಎರಡು ವಾರವಾದರೂ ಇರುವಾಗ ಹೊರಟರೆ ಮಾತ್ರ ಇದು ಸಾಧ್ಯ. ಕಡೆಯ ದಿನ ಬರುವವರಿಗೆ ಅಂಗಡಿಯಲ್ಲಿ ಉಳಿದ ಅಳತೆಯೇ ಮಗುವಿನ ಅಳತೆ.

ಅಂಗಿಯಲ್ಲಿ ಒಂದು ಅಳತೆ ದೊಡ್ಡದಾದರೂ ತೊಂದರೆಯಿಲ್ಲ, ಭುಜದ ಹೊಲಿಗೆ ತೋಳಿನತ್ತ ತೀರ ಜಾರದಿದ್ದರೆ ಸಾಕು. ತೋಳು ಉದ್ದವಾಗಿ ಬೆರಳಿನ ಮೇಲೆ ಬಂದರೆ ಬರೆಯುವಾಗ ಅಡ್ಡವಾಗುತ್ತದೆ. ತೊಡಿಸಿ ನೋಡುವಾಗ ಮಗುವನ್ನು ಕನ್ನಡಿಯ ಮುಂದೆ ನೆಟ್ಟಗೆ ನಿಲ್ಲಿಸಿ ಚಂದ ನೋಡಿದರೆ ಏನೂ ತಿಳಿಯುವುದಿಲ್ಲ. ಎರಡೂ ಕೈಗಳನ್ನು ಮೇಲೆತ್ತಲು ಹೇಳಿ, ಕುಕ್ಕರಗಾಲಿನಲ್ಲಿ ಕೂರಿಸಿ, ಆಮೇಲೆ ಪ್ಯಾಂಟನ್ನು ತಾನೇ ಕೆಳಗಿಳಿಸಿ ಮತ್ತೆ ಏರಿಸಿಕೊಳ್ಳಲು ಬಿಡಿ. ಈ ಕೊನೆಯ ಪರೀಕ್ಷೆಯಲ್ಲಿ ಸೋಲುವ ಉಡುಪು ಎಷ್ಟೇ ಒಳ್ಳೆಯದಿದ್ದರೂ ಪುಟ್ಟ ಮಗುವಿಗೆ ಬೇಡ. ಬಿಗಿಯಾದ ಹುಕ್ಕು ಮತ್ತು ಹೊಸ ಕಾಜಾದಲ್ಲಿ ಸಿಕ್ಕಿಕೊಳ್ಳುವ ಗುಂಡಿ ನಾಲ್ಕು ವರ್ಷದ ಬೆರಳುಗಳಿಗೆ ಜಗ್ಗುವುದಿಲ್ಲ. ಸೊಂಟಕ್ಕೆ ಪೂರ್ತಿ ಎಲಾಸ್ಟಿಕ್ ಹಾಕಲು ಶಾಲೆಯವರು ಒಪ್ಪಿದರೆ ಅದನ್ನೇ ಹಾಕಿಸಿ.

ಶೂ ಮಾತ್ರ ಯಾವ ಕಾರಣಕ್ಕೂ ದೊಡ್ಡದಾಗಿರಬಾರದು, ಎರಡನೆಯ ಜೊತೆಯನ್ನು ಮುಂಗಡವಾಗಿ ಕೊಂಡಿಡಲೂಬಾರದು. ಈ ವಯಸ್ಸಿನ ಪಾದ ತಿಂಗಳಿಗೆ ಸುಮಾರು 1 ಮಿ.ಮೀ. ಬೆಳೆಯುವುದರಿಂದ, ನಿಂತಾಗ ಅತಿ ಉದ್ದದ ಬೆರಳಿನ ಮುಂದೆ 10ರಿಂದ 12 ಮಿ.ಮೀ. ಜಾಗವಿರುವ ಒಂದೇ ಜೊತೆಯನ್ನು ಕೊಂಡು, ಮೂರು ತಿಂಗಳಿಗೊಮ್ಮೆ ಮುಟ್ಟಿ ನೋಡಿ. ಕಾಲುಚೀಲ ಶಾಲಾದಿನಗಳಷ್ಟೇ ಇರಲಿ. ಎಲ್ಲವೂ ಒಂದೇ ಬಗೆಯವಾಗಿದ್ದರೆ ಒಂಟಿಯಾಗಿ ಉಳಿದವು ತಮ್ಮೊಳಗೇ ಜೊತೆಯಾಗುತ್ತವೆ. ಟೈ, ಬೆಲ್ಟು, ಸ್ವೆಟರ್ ಒಂದೊಂದು ಸಾಕು. ಸ್ವೆಟರನ್ನು ಒಂದು ಅಳತೆ ದೊಡ್ಡದೇ ತೆಗೆದುಕೊಳ್ಳಿ. ಮಗು ಶಾಲೆಯಲ್ಲಿ ಕಳಚಿ ಬಿಟ್ಟು ಬರುವುದು ಅದನ್ನೇ ಆದ್ದರಿಂದ ಒಳಪಟ್ಟಿಯ ಮೇಲೆ ಅಳಿಸದ ಶಾಯಿಯಲ್ಲಿ ಹೆಸರು ಬರೆಯಿರಿ. ಆಟದ ದಿನಕ್ಕೆ ಬೇರೆ ಉಡುಪಿದೆಯೇ, ವಾರದಲ್ಲಿ ಎಷ್ಟು ದಿನ ಎಂಬುದನ್ನು ಮೊದಲೇ ಕೇಳಿಕೊಂಡರೆ ಅಷ್ಟು ದಿನಗಳನ್ನು ಅಂಗಿಗಳ ಲೆಕ್ಕದಿಂದ ಕಳೆಯಬಹುದು.

ಹೀಗೆ ಬಂದ ಸಂಖ್ಯೆಯನ್ನೂ ಒಂದೇ ಸಲ ಕೊಳ್ಳಬೇಕಿಲ್ಲ. ಆರಂಭದಲ್ಲಿ ಮೂರು ಅಂಗಿ, ಮೂರು ಚಡ್ಡಿಗಳಿಂದ ತೊಡಗಿ, ಒಂದು ತಿಂಗಳು ಪ್ರತಿದಿನ ಒಗೆದು ನಿಭಾಯಿಸಿ, ಯಾವುದು ಸಾಲುತ್ತಿಲ್ಲ ಎಂಬುದನ್ನು ಕಣ್ಣಾರೆ ಕಂಡ ಮೇಲೆ ಅದನ್ನಷ್ಟೇ ಕೊಳ್ಳುವುದು ನಾನು ಕೊಡುವ ಸಲಹೆ. ಕಡು ಬಣ್ಣದ ಬಟ್ಟೆಗಳಲ್ಲಿ ಒಂದು ಥಾನಿಗೂ ಇನ್ನೊಂದಕ್ಕೂ ಛಾಯೆಯಲ್ಲಿ ಸ್ವಲ್ಪ ವ್ಯತ್ಯಾಸವಿರುವುದರಿಂದ, ಕೋಟಿಗೂ ಪ್ಯಾಂಟಿಗೂ ಒಂದೇ ಬಣ್ಣವಿರುವ ಸಮವಸ್ತ್ರವಾದರೆ ಅವೆರಡನ್ನು ಒಟ್ಟಿಗೆ ಕೊಳ್ಳಿ, ಉಳಿದವು ಕಾಯಬಹುದು. ವರ್ಷದ ಕೊನೆಯ ಎರಡು ತಿಂಗಳಲ್ಲಿ ಹೊಸದನ್ನು ಕೊಳ್ಳುವ ಮುನ್ನ, ಮುಂದಿನ ತರಗತಿಗೆ ಇದೇ ಬಣ್ಣ ಮುಂದುವರಿಯುತ್ತದೆಯೇ ಎಂದು ಶಾಲೆಯಲ್ಲಿ ವಿಚಾರಿಸಿ. ಮುಂದುವರಿಯುವುದಿಲ್ಲವಾದರೆ ಹರಿದ ಮೊಣಕಾಲಿಗೆ ಒಳಗಿನಿಂದ ಒಂದು ತೇಪೆ ಹಾಕಿಸಿದರೆ ಆ ಎರಡು ತಿಂಗಳು ಕಳೆಯುತ್ತವೆ.